ಕಣ್ಣಿನ ಪರದೆಯಲ್ಲಿ ಬಿಪಿಯ ಗುರುತು

ಹಾರನಹಳ್ಳಿಯ ತೆಂಗಿನ ತೋಟದವರೊಬ್ಬರು ಪೊರೆ ತೋರಿಸಿಕೊಳ್ಳಲು ಅರಸೀಕೆರೆಗೋ ಹಾಸನಕ್ಕೋ ಹೋದರೆ, ಕಣ್ಣಿನ ಡಾಕ್ಟರು ಹನಿ ಹಾಕಿ, ಬೆಳಕು ಬಿಟ್ಟು ನೋಡಿ, ‘ಬಿಪಿ ಮಾತ್ರೆ ತಗೊಳ್ತಿದೀರಾ?’ ಎಂದು ಕೇಳುವುದುಂಟು. ಕಣ್ಣಿಗೂ ಬಿಪಿಗೂ ಏನು ನಂಟು ಎಂದು ಅವರಿಗೆ ಅನ್ನಿಸಿದರೆ ತಪ್ಪಿಲ್ಲ. ಆದರೆ ಚರಿತ್ರೆ ತೆಗೆದು ನೋಡಿದರೆ ಈ ವಿಷಯದಲ್ಲಿ ಕಣ್ಣೇ ಮೊದಲು, ತೋಳಿಗೆ ಸುತ್ತುವ ಪಟ್ಟಿ ಆಮೇಲೆ.

1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಣ್ಣಿನೊಳಗೆ ಇಣುಕುವ ಉಪಕರಣದ, ಅಂದರೆ ಆಫ್ತಾಲ್ಮೋಸ್ಕೋಪಿನ, ವಿವರ ಪ್ರಕಟಿಸಿದ. ಜೀವಂತ ಮನುಷ್ಯನ ಸಣ್ಣ ರಕ್ತನಾಳಗಳನ್ನು ಕೊಯ್ಯದೆ ಇಷ್ಟು ಸ್ಪಷ್ಟವಾಗಿ ನೋಡಲು ಕಣ್ಣಿನ ಹಿಂದಿನ ಪರದೆ, ಅಂದರೆ ರೆಟಿನಾದಂಥ ಜಾಗ ಇನ್ನೊಂದಿಲ್ಲ. ಎಂಟೇ ವರ್ಷದಲ್ಲಿ, 1859ರಲ್ಲಿ, ಲೀಬ್ರೈಶ್ ಎಂಬಾತ, ಬಿಪಿ ಏರುವುದು ಸಾಮಾನ್ಯವಾದ ಮೂತ್ರಪಿಂಡದ ಕಾಯಿಲೆಯವರ ಕಣ್ಣಿನ ಪರದೆ ಹಾಳಾಗುವುದನ್ನು ಬರೆದಿಟ್ಟ. 1890ರ ದಶಕದಲ್ಲಿ ಲಂಡನ್ನಿನ ಮಾರ್ಕಸ್ ಗನ್ ಇನ್ನೂ ಸೂಕ್ಷ್ಮಕ್ಕೆ ಹೋದ. ಆತ 1892ರಲ್ಲಿ ತನ್ನ ಮೊದಲ ವಿವರಣೆ ಕೊಟ್ಟಾಗ ಬಿಪಿ ಅಳೆಯಲು ರಿವಾ-ರೋಚಿ ಎಂಬಾತ ತಂದ ತೋಳುಪಟ್ಟಿಯೇ ಹುಟ್ಟಿರಲಿಲ್ಲ. ಅದು ಬಂದದ್ದು 1896ರಲ್ಲಿ. ಸ್ಟೆತಾಸ್ಕೋಪ್ ಇಟ್ಟು ಮೇಲಿನ, ಕೆಳಗಿನ ಎರಡೂ ಅಂಕಿ ಹಿಡಿಯುವ ಕೊರೊಟ್ಕಾಫ್ ವಿಧಾನಕ್ಕೆ 1905ರ ತನಕ ಕಾಯಬೇಕಾಯಿತು.

ಗನ್ ನೋಡಿದ್ದನ್ನು ಕೊಂಚ ನಿಧಾನವಾಗಿ ನೋಡಬೇಕು. ಕಿತ್ತಳೆಗೆಂಪು ಹಿನ್ನೆಲೆಯಲ್ಲಿ ಹಳದಿ ಬಿಲ್ಲೆಯಂಥ ನರದ ತುದಿ. ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಕವಲೊಡೆಯುವ ನಾಳಗಳು. ತೆಳ್ಳಗೆ, ತಿಳಿಗೆಂಪಾಗಿ, ಮಧ್ಯೆ ಬೆಳಕಿನ ಗೆರೆ ಹೊತ್ತಿರುವುದು ಅಪಧಮನಿ. ದಪ್ಪಗೆ, ಕಪ್ಪುಗೆಂಪಾಗಿರುವುದು ಅಭಿಧಮನಿ. ಆರೋಗ್ಯವಂತರಲ್ಲಿ ಇವುಗಳ ಅಗಲ ಸುಮಾರು ಎರಡಕ್ಕೆ ಮೂರರ ಪ್ರಮಾಣ. ವರ್ಷಗಟ್ಟಲೆ ಒತ್ತಡ ತಡೆದುಕೊಂಡ ಅಪಧಮನಿ ಮೊದಲು ಬಿಗಿಯುತ್ತದೆ, ಆಮೇಲೆ ಅದರ ಗೋಡೆ ದಪ್ಪವಾಗುತ್ತದೆ. ಬೆಳಕಿನ ಗೆರೆ ಅಗಲವಾಗಿ ನಾಳ ತಾಮ್ರದ ತಂತಿಯ ಬಣ್ಣಕ್ಕೆ ತಿರುಗುತ್ತದೆ. ಗೋಡೆ ಇನ್ನೂ ಬಲಿತು ಒಳಗಿನ ರಕ್ತ ಕಾಣದಾದಾಗ ಬೆಳ್ಳಿಯ ತಂತಿ. ಎರಡು ನಾಳಗಳು ಒಂದರ ಮೇಲೊಂದು ಹಾಯುವ ಕಡೆ ಅವಕ್ಕೆ ಹೊರಕವಚ ಒಂದೇ. ಹಾಗಾಗಿ ತೋಟದಲ್ಲಿ ಡ್ರಿಪ್ಪಿನ ಮೆತ್ತನೆ ಪೈಪಿನ ಮೇಲೆ ಗಟ್ಟಿ ಪೈಪು ಬಿದ್ದಂತೆ, ಬಿರುಸಾದ ಅಪಧಮನಿಯ ಕೆಳಗೆ ಅಭಿಧಮನಿ ಅಮುಕಿಹೋಗಿ ಎರಡೂ ಪಕ್ಕ ಸಣ್ಣಗಾಗುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಒಂದು ಕಣ್ಣು ಮಂಜಾಗಬಹುದು.

1939ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಕೀತ್, ವ್ಯಾಗ್ನರ್, ಬಾರ್ಕರ್ ಈ ಗುರುತುಗಳನ್ನು ನಾಲ್ಕು ಗುಂಪು ಮಾಡಿದರು. 219 ರೋಗಿಗಳ ಲೆಕ್ಕ ಅದು. ನಾಳ ತುಸು ಬಿಗಿದಿದ್ದ ಮೊದಲ ಗುಂಪಿನಲ್ಲಿ ಮೂರು ವರ್ಷದ ನಂತರ ಶೇ. 70 ಮಂದಿ ಬದುಕಿದ್ದರು. ರಕ್ತಸ್ರಾವ, ಹತ್ತಿಯಂಥ ಬಿಳಿ ಮಚ್ಚೆಗಳ ಜೊತೆಗೆ ನರದ ತುದಿಯೂ ಊದಿದ್ದ ನಾಲ್ಕನೆಯ ಗುಂಪಿನಲ್ಲಿ ಉಳಿದದ್ದು ಶೇ. 6. ಕಣ್ಣು ನೋಡಿ ಆಯುಷ್ಯ ಹೇಳಿದ ಹಾಗಾಯಿತು. ಕೈಯಲ್ಲಿ ಹೇಳಿಕೊಳ್ಳುವಂಥ ಔಷಧವಿಲ್ಲದ ಕಾಲದಲ್ಲಿ ಅದನ್ನು ಹೇಳಿ ಏನು ಮಾಡುವುದು ಎಂಬುದು ಬೇರೆ ಮಾತು. ಹತ್ತು ವರ್ಷದ ಮೇಲೆ, 1949ರಲ್ಲಿ, ಮುಂಬೈಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ನಮ್ಮ ಸರ್ಪಗಂಧದ ಬೇರಿನ ಬಿಪಿ ಇಳಿಸುವ ಗುಣವನ್ನು ಬ್ರಿಟನ್ನಿನ ಪತ್ರಿಕೆಯಲ್ಲಿ ಬರೆದು ಜಗತ್ತಿನ ಕಣ್ಣು ತೆರೆಸಿದರು. 1950ರ ದಶಕದ ಕೊನೆಗೆ ನೀರು ಹೊರಹಾಕುವ ಥಯಾಜೈಡ್ ಮಾತ್ರೆ ಬಂತು.

ಮಾತ್ರೆಗಳು ಬಂದ ಮೇಲೆ ನಾಲ್ಕನೆಯ ಗುಂಪಿನವರು ಅಪರೂಪವಾದರು, ಜೊತೆಗೇ ಕಣ್ಣಿನ ಪರೀಕ್ಷೆಯ ಗತ್ತೂ ಇಳಿಯಿತು. ಮೊದಲೆರಡು ಗುಂಪಿನ ಗುರುತುಗಳ ವಿಷಯದಲ್ಲಿ ಒಬ್ಬ ಡಾಕ್ಟರಿಗೂ ಇನ್ನೊಬ್ಬರಿಗೂ ತಾಳೆಯಾಗುತ್ತಿರಲಿಲ್ಲ, ವಯಸ್ಸಿನಿಂದಲೂ ನಾಳ ಬಿರುಸಾಗುತ್ತದೆ. ಬಿಪಿ ಇರುವ ಎಲ್ಲರ ಕಣ್ಣನ್ನೂ ವಾಡಿಕೆಯಂತೆ ನೋಡಿ ಹೆಚ್ಚು ಪ್ರಯೋಜನವಿಲ್ಲ ಎಂದು ನೆದರ್ಲೆಂಡ್ಸಿನ ತಜ್ಞರ ಸಮೀಕ್ಷೆ 2005ರಲ್ಲಿ ಹೇಳಿಯೇಬಿಟ್ಟಿತು.

ಅಷ್ಟರಲ್ಲಿ ಕ್ಯಾಮೆರಾ ಆಟವನ್ನು ಬದಲಿಸಿತ್ತು. ಅಮೆರಿಕದ ‘ಎರಿಕ್’ (ARIC) ಎಂಬ ಅಧ್ಯಯನ 1993ರಿಂದ ಸಾವಿರಾರು ಜನರ ರೆಟಿನಾದ ಫೋಟೊ ತೆಗೆದು, ನಾಳಗಳ ಅಗಲವನ್ನು ಕಂಪ್ಯೂಟರಿನಲ್ಲಿ ಅಳೆಯಿತು. ಕಣ್ಣಂದಾಜು ಹೋಗಿ ಮೈಕ್ರಾನಿನ ಲೆಕ್ಕ ಬಂತು. ಆಗ ಸಿಕ್ಕ ಸುದ್ದಿ ಯಾರೂ ನಿರೀಕ್ಷಿಸದ್ದು: ಬಿಪಿ ಇಲ್ಲದ, ಆದರೆ ಅಪಧಮನಿ ಕಿರಿದಾಗಿದ್ದ ಜನರಿಗೆ ಮುಂದಿನ ವರ್ಷಗಳಲ್ಲಿ ಬಿಪಿ ಬರುವುದು ಹೆಚ್ಚು. ಆಸ್ಟ್ರೇಲಿಯದ ಬ್ಲೂ ಮೌಂಟನ್ಸ್ ಅಧ್ಯಯನವೂ ಇದನ್ನೇ ಹೇಳಿತು. ಅಂದರೆ ಕಿರಿದಾದ ನಾಳ ಬಿಪಿಯ ಫಲ ಮಾತ್ರವಲ್ಲ, ಅದರ ಬೇರಿನಲ್ಲೂ ಇರಬಹುದು. ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ದೊಡ್ಡ ತಿರುವು ಇದೇ.

ನಮ್ಮಲ್ಲಿ ರೆಟಿನಾದ ಸರದಿ ಬಂದದ್ದು ತಡವಾಗಿ. ಕಣ್ಣು ಅಂದರೆ ಪೊರೆ, ಪೊರೆ ಅಂದರೆ ಶಿಬಿರ, ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಸಾಲುಸಾಲಾಗಿ ಆಪರೇಷನ್ ಮಾಡಿದ ನಾಡು ಇದು. ಪೊರೆ ಬಲಿತ ಕಣ್ಣಿನಲ್ಲಿ ಹಿಂದಿನ ಪರದೆ ಕಾಣುವುದೇ ಇಲ್ಲ. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ‘ಕಿಡ್‌ರಾಪ್’ ತಂಡ ಅವಧಿಗೆ ಮೊದಲೇ ಹುಟ್ಟಿದ ಮಕ್ಕಳಿಗಾಗಿ ಜಿಲ್ಲೆಗಳಿಗೆ ಕ್ಯಾಮೆರಾ ಒಯ್ದಿತು: ತಂತ್ರಜ್ಞರು ಅಲ್ಲಿ ಚಿತ್ರ ತೆಗೆದರೆ ತಜ್ಞರು ದೂರದಿಂದಲೇ ನೋಡಿ ಹೇಳುವ ಏರ್ಪಾಡು. ಬಿಪಿಗೆ ಅದು ಸಂಬಂಧಿಸದಿದ್ದರೂ ದಾರಿ ತೋರಿಸಿತು. ಬಳಿಕ ಬೆಂಗಳೂರಿನದೇ ಫೋರಸ್ ಹೆಲ್ತ್ ‘ತ್ರಿನೇತ್ರ’ ಕ್ಯಾಮೆರಾವನ್ನೂ, ರೆಮಿಡಿಯೋ ಕಂಪನಿ ಮೊಬೈಲಿಗೆ ಜೋಡಿಸುವ ಕ್ಯಾಮೆರಾವನ್ನೂ ತಂದವು. ಇವು ಮುಖ್ಯವಾಗಿ ಸಕ್ಕರೆ ಕಾಯಿಲೆಯ ಕಣ್ಣಿಗಾಗಿ ಓಡಾಡುತ್ತವೆ. ಆದರೆ ಫೋಟೊದಲ್ಲಿ ನಾಳಗಳೂ ಇರುತ್ತವಲ್ಲ.

2018ರಲ್ಲಿ ಗೂಗಲ್ಲಿನ ಸಂಶೋಧಕರು ಸುಮಾರು 2.84 ಲಕ್ಷ ಜನರ ಕಣ್ಣಿನ ಚಿತ್ರ ಕೊಟ್ಟು ಕಂಪ್ಯೂಟರನ್ನು ಪಳಗಿಸಿದರು. ಅದು ಬರೀ ಚಿತ್ರ ನೋಡಿ ವಯಸ್ಸು, ಗಂಡೋ ಹೆಣ್ಣೋ, ಬಿಪಿಯ ಮೇಲಿನ ಅಂಕಿ ಎಲ್ಲ ಹೇಳಿತು. ಬಿಪಿಯಲ್ಲಿ ಸರಾಸರಿ 11 ಪಾಯಿಂಟಿನಷ್ಟು ತಪ್ಪು. ಪತ್ರಿಕೆಗಳು ಇದನ್ನು ಕೊಂಡಾಡಿದವು. ನನಗೇನೋ, ಕೆಲವೇ ಸಾವಿರಕ್ಕೆ ಸಿಗುವ ಪಟ್ಟಿ ಇದಕ್ಕಿಂತ ಸರಿಯಾಗಿ ಹೇಳುವಾಗ ಕ್ಯಾಮೆರಾದಿಂದ ಬಿಪಿ ಅಳೆಯುವ ಉಮೇದು ವಿಚಿತ್ರವೆನಿಸುತ್ತದೆ. ದೇಶದ ವಯಸ್ಕರಲ್ಲಿ ಶೇ. 35.5 ಮಂದಿಗೆ ಅಧಿಕ ರಕ್ತದೊತ್ತಡ ಎಂದು 2023ರ ಐಸಿಎಂಆರ್ ಸಮೀಕ್ಷೆ ಹೇಳಿರುವಾಗ ಹಾರನಹಳ್ಳಿಗೆ ಮೊದಲು ಬೇಕಾದದ್ದು ಪಟ್ಟಿ, ಮಾತ್ರೆ, ತಿಂಗಳು ತಪ್ಪದ ತಪಾಸಣೆ.

ಚಿತ್ರದ ಕೆಲಸ ಬೇರೆ. ಪಟ್ಟಿ ಹೇಳುವುದು ಆ ಗಳಿಗೆಯ ಅಂಕಿ. ಹಿಂದಿನ ದಿನ ಮಾತ್ರೆ ನುಂಗಿ ಬಂದವರಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ. ವರ್ಷಗಳ ಒತ್ತಡ ನಾಳಕ್ಕೆ ಏನು ಮಾಡಿದೆ ಎಂಬುದು ಅಲ್ಲಿ ಸಿಗದು. ಅಂಕಿ 180/110 ದಾಟಿ ತಲೆನೋವು, ಮಂಜು ಇದ್ದವರಲ್ಲಂತೂ ನರದ ತುದಿ ಊದಿದೆಯೇ ಎಂದು ಅಂದೇ ನೋಡಲೇಬೇಕು. ಊದಿದ್ದರೆ ಅದು ಆಸ್ಪತ್ರೆಗೆ ಸೇರಿಸುವ ವಿಷಯ. ಉಳಿದವರಿಗೆ ಸಕ್ಕರೆಯ ನೆಪದಲ್ಲಿ ತೆಗೆದ ಫೋಟೊದಲ್ಲೇ ಅಪಧಮನಿ ಹಾಯುವ ಕಡೆ ಒಮ್ಮೆ ಕಣ್ಣು ಹಾಯಿಸಿ ಚೀಟಿಯಲ್ಲಿ ಒಂದು ಸಾಲು ಬರೆದರೆ ಹೆಚ್ಚಿನ ಖರ್ಚೇನಿಲ್ಲ. ಆ ಚೀಟಿ ಕಣ್ಣಿನ ವಿಭಾಗದಿಂದ ಬಿಪಿ ನೋಡುವ ಡಾಕ್ಟರ ಮೇಜಿಗೆ ತಲುಪಬೇಕು, ಅಷ್ಟೆ.