ಪಾತ್ರಿಯಿಂದ ಆಪ್ತಸಮಾಲೋಚಕನವರೆಗೆ: ವ್ಯಸನಮುಕ್ತಿ ತರಬೇತಿಯ ಚರಿತ್ರೆ ಮತ್ತು ಜನಪದ ತಿಳಿವಳಿಕೆ

ಪೀಠಿಕೆ

‘ವ್ಯಸನ’ ಎಂಬ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳು ಜೊತೆಜೊತೆಯಾಗಿ ಬಳಕೆಯಲ್ಲಿವೆ. ಒಂದು ದುಃಖ, ಇನ್ನೊಂದು ಬಿಡಲಾರದ ಚಟ. ಸಾವಿನ ಮನೆಯಲ್ಲಿ ‘ವ್ಯಸನಪಡಬೇಡಿ’ ಎಂದು ಸಂತೈಸುವ ಸಮಾಜವೇ ಕುಡಿತಕ್ಕೆ ಬಿದ್ದವನನ್ನು ‘ವ್ಯಸನಿ’ ಎನ್ನುತ್ತದೆ. ಜೈನ ಕಥಾಸಾಹಿತ್ಯವು ಕನ್ನಡದಲ್ಲಿ ಬಳಕೆಗೆ ತಂದ ‘ಸಪ್ತವ್ಯಸನ’ಗಳ ಕಲ್ಪನೆಯಲ್ಲಿ ಮದ್ಯಪಾನವು ಜೂಜು, ಬೇಟೆ, ಕಳವುಗಳ ಸಾಲಿನಲ್ಲಿ ನಿಂತು ಪಾಪವೆನಿಸಿತು. ಇಪ್ಪತ್ತನೆಯ ಶತಮಾನದ ವೈದ್ಯವಿಜ್ಞಾನವು ಅದನ್ನು ಕಾಯಿಲೆಯೆಂದು ಗುರುತಿಸಿತು. ಪಾಪವಾದರೆ ಪ್ರಾಯಶ್ಚಿತ್ತ ಹೇಳುವವನು ಬೇಕು. ಕಾಯಿಲೆಯಾದರೆ ಚಿಕಿತ್ಸೆ ಬಲ್ಲವನು ಬೇಕು. ದುಃಖವಾದರೆ ಕೇಳಿಸಿಕೊಳ್ಳುವವನು ಬೇಕು. ಈ ಮೂವರಲ್ಲಿ ಯಾರನ್ನು ಸಮಾಜ ಅರ್ಹನೆಂದು ಒಪ್ಪಿತು, ಆ ಅರ್ಹತೆ ಯಾವ ಬಗೆಯ ಕಲಿಕೆಯಿಂದ ಸಿದ್ಧವಾಯಿತು ಎಂಬ ಪ್ರಶ್ನೆಗಳನ್ನು ಕರ್ನಾಟಕದ ಸಂದರ್ಭವನ್ನು ಮುಖ್ಯವಾಗಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ಜನಪದದಲ್ಲಿ ಕುಡಿತದ ಮರ್ಯಾದೆ

ಜನಪದ ಸಮಾಜವು ಕುಡಿತವನ್ನು ಸಾರಾಸಗಟಾಗಿ ನಿಷೇಧಿಸಲಿಲ್ಲ. ಅದಕ್ಕೊಂದು ಹೊತ್ತು, ಒಂದು ಜಾಗ, ಒಂದು ಅಳತೆಯನ್ನು ಗೊತ್ತುಮಾಡಿತು. ತುಳುನಾಡಿನಲ್ಲಿ ಕೊರಗಜ್ಜನಿಗೆ ಕಳ್ಳು, ಚಕ್ಕುಲಿ, ವೀಳ್ಯ ಅರ್ಪಣೆಯಾಗುತ್ತವೆ. ಅನೇಕ ಕಡೆ ಮಾರಿಹಬ್ಬದಲ್ಲಿ, ಗ್ರಾಮದೇವತೆಗಳ ಜಾತ್ರೆಯಲ್ಲಿ ಹೆಂಡಕ್ಕೆ ಸ್ಥಾನವಿದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡ ಮಾರುವ ಕಾಯಕದ ಮಾರಯ್ಯನೂ ಒಬ್ಬನಾಗಿದ್ದು, ‘ಹೆಂಡದ ಮಾರಯ್ಯ’ ಎಂಬ ಹೆಸರಿನಿಂದಲೇ ವಚನಕಾರರ ಸಾಲಿಗೆ ಸೇರಿದ್ದಾನೆ. ಕಳ್ಳು ಊರಿನ ಮರದಿಂದ ಇಳಿದು ಊರಿನೊಳಗೇ ಮುಗಿಯುತ್ತಿದ್ದ ಪದಾರ್ಥ. ಅದರ ಬಲ ಕಡಿಮೆ, ಆಯುಷ್ಯವೂ ಕಡಿಮೆ. ಭಟ್ಟಿ ಇಳಿಸಿದ ಸಾರಾಯಿಯು ಗುತ್ತಿಗೆ, ಹರಾಜುಗಳ ಮೂಲಕ ಹಳ್ಳಿಯ ಮೂಲೆಮೂಲೆಗೆ ತಲುಪಿ, ಕೊನೆಗೆ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಕೂಲಿಯವನ ಜೇಬು ಸೇರಿದಾಗ ಹೊತ್ತು, ಜಾಗ, ಅಳತೆ ಎಂಬ ಮೂರು ಕಟ್ಟುಗಳೂ ಸಡಿಲಗೊಂಡವು. ವ್ಯಸನವು ವ್ಯಕ್ತಿಯ ದೌರ್ಬಲ್ಯವಷ್ಟೇ ಅಲ್ಲ, ಸರಕಿನ ಚರಿತ್ರೆಯೂ ಹೌದು ಎಂಬುದನ್ನು ಇಲ್ಲಿ ಗಮನಿಸಬೇಕು.

ಕಟ್ಟು ಮೀರಿದವನನ್ನು ತಿದ್ದುವುದಕ್ಕೂ ಜನಪದದಲ್ಲಿ ಕ್ರಮಗಳಿದ್ದವು. ತಾಯಿಯ ತಲೆ ಮುಟ್ಟಿ ಆಣೆ ಮಾಡಿಸುವುದು, ಮನೆದೇವರಿಗೆ ಹರಕೆ ಕಟ್ಟುವುದು, ಮಠದಲ್ಲಿ ಅಯ್ಯನವರ ಮುಂದೆ ಮಾತು ಕೊಡಿಸುವುದು, ದೈವದ ಪಾತ್ರಿಯಿಂದ ನುಡಿ ಕೇಳಿಸುವುದು ಇವುಗಳಲ್ಲಿ ಮುಖ್ಯವಾದವು. ಇವೆಲ್ಲದರ ಹಿಂದಿನ ತತ್ತ್ವ ಒಂದೇ: ಒಬ್ಬನ ಸಂಕಲ್ಪಕ್ಕೆ ಹಲವರನ್ನು ಸಾಕ್ಷಿಯಾಗಿಸುವುದು. ಶಬರಿಮಲೆಯ ಮಾಲೆ ಧರಿಸುವ ವ್ರತದಲ್ಲಿ ಈ ತತ್ತ್ವವು ಸ್ಪಷ್ಟವಾಗಿ ಕಾಣುತ್ತದೆ. ನಿನ್ನೆಯವರೆಗೆ ‘ಕುಡುಕ’ನೆನಿಸಿದ್ದವನನ್ನು ಮಾಲೆ ಹಾಕಿದ ದಿನದಿಂದ ಹೆಂಡತಿ ಮಕ್ಕಳಾದಿಯಾಗಿ ಊರೇ ‘ಸ್ವಾಮಿ’ ಎನ್ನುತ್ತದೆ. ಉಡುಪು, ಊಟ, ಮಲಗುವ ಜಾಗ, ಸಂಬೋಧನೆ ಎಲ್ಲವೂ ಬದಲಾಗುವ ಆ 41 ದಿನಗಳಲ್ಲಿ ಅನೇಕರು ಮದ್ಯವನ್ನು ಮುಟ್ಟುವುದಿಲ್ಲ. ಮಾಲೆ ತೆಗೆದ ಮೇಲೆ ಮರಳಿ ಕುಡಿಯುವವರೂ ಇದ್ದಾರೆ. ಬಿಡಿಸುವ ವಿದ್ಯೆ ಜನಪದಕ್ಕೆ ತಿಳಿದಿತ್ತು. ಬಿಟ್ಟದ್ದನ್ನು ಉಳಿಸಿಕೊಳ್ಳುವ ವಿದ್ಯೆ ಅಷ್ಟಾಗಿ ಬೆಳೆದಿರಲಿಲ್ಲ.

ಸನ್ನಿಯೋ ದೆವ್ವವೋ

ಜನಪದ ಚಿಕಿತ್ಸೆಯ ಮಿತಿಯು ಪ್ರಾಣಾಪಾಯಕ್ಕೆ ಕಾರಣವಾಗಬಹುದಾದ ಸಂದರ್ಭವೊಂದಿದೆ. ವರ್ಷಗಟ್ಟಲೆ ಪ್ರತಿದಿನ ವಿಪರೀತವಾಗಿ ಕುಡಿದವನು ಆಣೆಗೋ ಹರಕೆಗೋ ಕಟ್ಟುಬಿದ್ದು ಒಮ್ಮೆಲೇ ನಿಲ್ಲಿಸಿದರೆ ಮೊದಲು ಕೈನಡುಕ, ಬೆವರು, ನಿದ್ರೆಗೇಡು ಕಾಣಿಸಿಕೊಳ್ಳುತ್ತವೆ. ಸಾಮಾನ್ಯವಾಗಿ ಮೊದಲ ಎರಡು ದಿನಗಳೊಳಗೆ ಕೆಲವರಿಗೆ ಅಪಸ್ಮಾರದಂಥ ಸೆಳೆತ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಕೆಲವರು ಇಲ್ಲದ ಹುಳುಗಳನ್ನು ಮೈಮೇಲಿಂದ ಕೊಡವಿಕೊಳ್ಳುತ್ತಾರೆ, ಸತ್ತವರೊಡನೆ ಮಾತನಾಡುತ್ತಾರೆ, ಮನೆಯವರ ಗುರುತು ತಪ್ಪುತ್ತಾರೆ. ವೈದ್ಯಶಾಸ್ತ್ರವು ಇದನ್ನು ಮದ್ಯ ನಿಲುಗಡೆಯ ಸನ್ನಿಯೆಂದು ಕರೆಯುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಸಾವೂ ಸಂಭವಿಸಬಹುದು. ಆದರೆ ಜನಪದ ಕಣ್ಣಿಗೆ ಇದು ದೆವ್ವ ಹಿಡಿದದ್ದಾಗಿಯೋ, ಹರಕೆ ತಪ್ಪಿದ್ದಕ್ಕೆ ದೈವದ ಮುನಿಸಾಗಿಯೋ ತೋರುವುದು ಸಹಜ. ಬಾಯಿಗೆ ಮತ್ತೆ ಸ್ವಲ್ಪ ಹೆಂಡ ಬಿದ್ದೊಡನೆ ನಡುಕ ಇಳಿಯುವುದರಿಂದ ‘ಅವನಿಗೆ ಅದೇ ಔಷಧಿ’ ಎಂಬ ನಂಬಿಕೆಯೂ ಬೇರೂರುತ್ತದೆ.

ಈ ಸ್ಥಿತಿಗೆ ತಕ್ಕ ಶಮನಕಾರಿ ಔಷಧಿ, ಥಯಾಮಿನ್ ಎಂಬ ಜೀವಸತ್ವ, ಹಗಲಿರುಳಿನ ನಿಗಾ ಬೇಕು. ಥಯಾಮಿನ್ ಕೊಡದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಹಾನಿಯಾಗಬಹುದೆಂಬಷ್ಟು ಸೂಕ್ಷ್ಮವಾದ ತಿಳಿವು ಇದರಲ್ಲಿ ಅಡಗಿದೆ. 1948ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಬಳಕೆಗೆ ತಂದ ಡೈಸಲ್ಫಿರಾಮ್ ಎಂಬ ಮಾತ್ರೆಯ ಕಥೆಯೂ ಇಂಥದೇ. ಅದನ್ನು ಸೇವಿಸಿದವನು ಮದ್ಯ ಮುಟ್ಟಿದರೆ ಮೈ ಉರಿದು, ಎದೆ ಡವಗುಟ್ಟಿ, ವಾಂತಿಯಾಗುತ್ತದೆ. ರೋಗಿಯ ಒಪ್ಪಿಗೆ, ವೈದ್ಯರ ಮೇಲ್ವಿಚಾರಣೆ ಇದ್ದಾಗ ಅದು ಉಪಕಾರಿ. ಅವನಿಗೆ ತಿಳಿಯದಂತೆ ಅನ್ನದಲ್ಲಿ, ಸಾರಿನಲ್ಲಿ ಬೆರೆಸಿ ಕೊಟ್ಟರೆ ವಿಷಕ್ಕೆ ಸಮಾನ. ಗುಟ್ಟಾಗಿ ‘ಮದ್ದು ಹಾಕುವ’ ಹಳೆಯ ಕಲ್ಪನೆಯು ಹೊಸ ಮಾತ್ರೆಯೊಡನೆ ಬೆರೆತಾಗ ಉಂಟಾಗುವ ಅಪಾಯವಿದು. ತರಬೇತಿ ಏಕೆ ಬೇಕೆಂಬ ಪ್ರಶ್ನೆಗೆ ಇಷ್ಟೇ ಉತ್ತರವಾಗಿ ಸಾಲುತ್ತದೆ.

ಅನುಭವವೇ ಅರ್ಹತೆಯಾದ ಬಗೆ

ವ್ಯಸನ ಚಿಕಿತ್ಸೆಯು ಒಂದು ವೃತ್ತಿಯಾಗಿ ರೂಪುಗೊಂಡದ್ದು ಮುಖ್ಯವಾಗಿ ಅಮೆರಿಕದಲ್ಲಿ. 1935ರಲ್ಲಿ ಒಹಾಯೊ ರಾಜ್ಯದ ಆಕ್ರನ್ ನಗರದಲ್ಲಿ ಷೇರು ವ್ಯವಹಾರದ ಬಿಲ್ ವಿಲ್ಸನ್ ಮತ್ತು ಶಸ್ತ್ರವೈದ್ಯ ಬಾಬ್ ಸ್ಮಿತ್ ಎಂಬ ಇಬ್ಬರು ಕುಡಿತದ ರೋಗಿಗಳು ಪರಸ್ಪರ ಮಾತನಾಡುವುದರಿಂದಲೇ ಕುಡಿಯದೆ ಇರಬಹುದೆಂದು ಕಂಡುಕೊಂಡರು. ಹೀಗೆ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘಟನೆಗೆ ಗುರುವಿಲ್ಲ, ಶುಲ್ಕವಿಲ್ಲ, ಪದವಿಯಿಲ್ಲ. ತಾನು ವೃತ್ತಿಪರವಾಗಬಾರದೆಂಬುದು ಅದರ ಸಂಪ್ರದಾಯಗಳಲ್ಲೇ ಸೇರಿದೆ. 1943ರಲ್ಲಿ ಯೇಲ್ ವಿಶ್ವವಿದ್ಯಾಲಯವು ಮದ್ಯ ಅಧ್ಯಯನದ ಬೇಸಿಗೆ ಶಾಲೆಯನ್ನು ಆರಂಭಿಸಿ, ಈ ವಿಷಯವನ್ನು ತರಗತಿಯಲ್ಲಿ ಕಲಿಸಬಹುದೆಂದು ತೋರಿಸಿತು. 1950ರ ದಶಕದಲ್ಲಿ ಮಿನೆಸೋಟ ರಾಜ್ಯದ ವಿಲ್ಮರ್ ಆಸ್ಪತ್ರೆಯಲ್ಲಿ ಕುಡಿತದಿಂದ ಹೊರಬಂದವರನ್ನೇ ಸಮಾಲೋಚಕರನ್ನಾಗಿ ನೇಮಿಸುವ ಪದ್ಧತಿ ಬಂದಿತು. ಅದಕ್ಕಾಗಿ ಸರ್ಕಾರಿ ಸೇವೆಯಲ್ಲಿ ಪ್ರತ್ಯೇಕ ಹುದ್ದೆಯೇ ಸೃಷ್ಟಿಯಾಯಿತು.

ಪಾತ್ರಿಯ ಅರ್ಹತೆಗೂ ಈ ಸಮಾಲೋಚಕನ ಅರ್ಹತೆಗೂ ಇರುವ ಹೋಲಿಕೆ ಕುತೂಹಲಕಾರಿಯಾಗಿದೆ. ದೈವವು ಮೈಮೇಲೆ ಬಂದು ಹೋದವನೇ ದೈವದ ಮಾತನ್ನಾಡಬಲ್ಲನೆಂದು ಒಂದು ಸಮಾಜ ನಂಬಿದರೆ, ಮದ್ಯದ ಹಿಡಿತಕ್ಕೆ ಸಿಕ್ಕಿ ಬಿಡಿಸಿಕೊಂಡವನೇ ಇನ್ನೊಬ್ಬನನ್ನು ಬಿಡಿಸಬಲ್ಲನೆಂದು ಇನ್ನೊಂದು ಸಮಾಜ ಒಪ್ಪಿತು. ವ್ಯತ್ಯಾಸವೆಂದರೆ ಎರಡನೆಯವನು ತನ್ನ ಅನುಭವದ ಮೇಲೆ ಕಲಿಕೆಯನ್ನೂ ಕಟ್ಟಿಕೊಳ್ಳಬೇಕಾಯಿತು. 1983ರಲ್ಲಿ ವಿಲಿಯಂ ಮಿಲ್ಲರ್ ಮಂಡಿಸಿದ ಪ್ರೇರಣಾ ಸಂದರ್ಶನ ವಿಧಾನವು ಉಪದೇಶವನ್ನು ಬಿಟ್ಟು, ರೋಗಿಯ ಬಾಯಿಂದಲೇ ಬದಲಾವಣೆಯ ಮಾತನ್ನು ಹೊರಡಿಸುವುದನ್ನು ಕಲಿಸಿತು. 1985ರಲ್ಲಿ ಮಾರ್ಲಟ್ ಮತ್ತು ಗೋರ್ಡನ್ ಅವರ ಗ್ರಂಥವು ಮರುಕಳಿಕೆಯು ಸೋಲಲ್ಲ, ಮುಂಗಂಡು ತಡೆಯಬಹುದಾದ ಘಟನೆಯೆಂದು ವಿವರಿಸಿತು. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯ ಸಮಾಜಕ್ಕೆ ಇವೆರಡೂ ಹೊಸ ಪಾಠಗಳಾಗಿದ್ದವು.

ಕರ್ನಾಟಕದ ಪ್ರಯೋಗಗಳು

ಕರ್ನಾಟಕದಲ್ಲಿ ಈ ಚರ್ಚೆಗೆ ಗಟ್ಟಿಯಾದ ನೆಲೆಯೊದಗಿಸಿದ ಅಧ್ಯಯನವು ಕರಾವಳಿಯ ಕೋಟದಲ್ಲಿ ನಡೆಯಿತು. ಜಿ. ಎಂ. ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅವರ ಈ ಅಧ್ಯಯನವು 1976ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಯಿತು. ಕೋಟದ ಜನರು ಮನಸ್ಸಿನ ತೊಂದರೆಗೆ ವೈದ್ಯ, ಮಂತ್ರವಾದಿ, ಪಾತ್ರಿ ಎಂಬ ಮೂರು ಬಗೆಯವರಲ್ಲಿಗೂ ಹೋಗುತ್ತಿದ್ದರು, ಡಾಕ್ಟರರಲ್ಲಿಗೂ ಹೋಗುತ್ತಿದ್ದರು. ಇದರಲ್ಲಿ ಅವರಿಗೆ ವಿರೋಧಾಭಾಸವೇನೂ ಕಂಡಿರಲಿಲ್ಲ.

1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಸರ್ಕಾರಿ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಒಂದುಗೂಡಿ ಬೆಂಗಳೂರಿನ ನಿಮ್ಹಾನ್ಸ್ ರೂಪುಗೊಂಡಿತು. 1975ರಲ್ಲಿ ಅಲ್ಲಿ ಸಮುದಾಯ ಮನೋವೈದ್ಯ ಘಟಕವು ಹುಟ್ಟಿ, ಸಕಲವಾರದ ಗ್ರಾಮೀಣ ಕೇಂದ್ರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡುವ ಕ್ರಮ ಬೆಳೆಯಿತು. 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬಳಿಕ, 1980ರ ದಶಕದ ನಡುವಿನಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವು ದೇಶಕ್ಕೆ ಮಾದರಿಯಾಗಿ, 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ತಜ್ಞನೊಬ್ಬನೇ ಮಾಡಬೇಕೆಂದುಕೊಂಡಿದ್ದ ಕೆಲಸದ ಒಂದು ಪಾಲನ್ನು ಸಾಮಾನ್ಯ ವೈದ್ಯನೂ ಆರೋಗ್ಯ ಸಹಾಯಕಿಯೂ ಕಲಿಯಬಲ್ಲರೆಂಬುದು ಅದರ ಸಾರ. ಡಾ. ಸಿ. ಆರ್. ಚಂದ್ರಶೇಖರ್ ಅವರು ಕನ್ನಡದಲ್ಲಿ ಬರೆದ ಜನಪ್ರಿಯ ಪುಸ್ತಕಗಳೂ ಸಾಮಾನ್ಯರಿಗೆ ನೀಡಿದ ಆಪ್ತಸಮಾಲೋಚನೆಯ ತರಬೇತಿಯೂ ಇದೇ ದಾರಿಯ ಮುಂದುವರಿಕೆ. ‘ಆಪ್ತಸಮಾಲೋಚನೆ’ ಎಂಬ ಪದದಲ್ಲಿ ‘ಆಪ್ತ’ ಎಂಬ ವಿಶೇಷಣ ಸೇರಿರುವುದೇ ಕನ್ನಡವು ಈ ವೃತ್ತಿಯಿಂದ ಏನನ್ನು ನಿರೀಕ್ಷಿಸಿತೆಂಬುದನ್ನು ಸೂಚಿಸುತ್ತದೆ.

ನೆರೆಯ ತಮಿಳುನಾಡಿನಲ್ಲಿ ಶಾಂತಿ ರಂಗನಾಥನ್ ಅವರು 1980ರಲ್ಲಿ ಚೆನ್ನೈನಲ್ಲಿ ಸ್ಥಾಪಿಸಿದ ಟಿ.ಟಿ.ಕೆ. ಆಸ್ಪತ್ರೆಯು 1989ರಿಂದ ಮಂಜಕ್ಕುಡಿ ಗ್ರಾಮದಲ್ಲಿ ಶಿಬಿರ ಚಿಕಿತ್ಸೆಯನ್ನು ನಡೆಸಿ, ಆಸ್ಪತ್ರೆಯೇ ಹಳ್ಳಿಗೆ ಹೋಗಬಹುದೆಂದು ತೋರಿಸಿತು. ಕರ್ನಾಟಕದಲ್ಲಿ ಶಿಬಿರ ಪದ್ಧತಿಯನ್ನು ವ್ಯಾಪಕವಾಗಿ ಹರಡಿದ್ದು ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯೊಡನೆ 1990ರ ದಶಕದಿಂದ ಬೆಳೆದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು. ಊರಿನ ಶಾಲೆ, ದೇವಸ್ಥಾನದ ಸಭಾಂಗಣ ಅಥವಾ ಕಲ್ಯಾಣಮಂಟಪದಲ್ಲಿ ಸುಮಾರು ಒಂದು ವಾರ ನಡೆಯುವ ಈ ಶಿಬಿರಗಳಲ್ಲಿ ಸ್ಥಳೀಯ ಸಮಿತಿ, ಶಿಬಿರಾಧಿಕಾರಿ, ಆರೋಗ್ಯ ಸಹಾಯಕಿ, ವೈದ್ಯರು ಒಟ್ಟಾಗಿ ದುಡಿಯುತ್ತಾರೆ. ಭಜನೆ, ಯೋಗ, ಗುಂಪು ಸಲಹೆ, ಕುಟುಂಬದವರ ಭೇಟಿ ನಡೆಯುತ್ತವೆ. ಮದ್ಯ ಬಿಟ್ಟವರು ಬಳಿಕ ‘ನವಜೀವನ ಸಮಿತಿ’ಗಳಲ್ಲಿ ಸೇರುತ್ತಾರೆ. ಇಲ್ಲಿ ಆಣೆ, ಸಾಕ್ಷಿ, ಸಾಮೂಹಿಕತೆ ಎಂಬ ಜನಪದ ಅಂಶಗಳೂ, ಸಮಾನದುಃಖಿಗಳ ಸಭೆಯೆಂಬ ಆಧುನಿಕ ಅಂಶವೂ ಬೆಸೆದುಕೊಂಡಿವೆ. ಮಾಲೆ ತೆಗೆದ ಮೇಲೆ ಮುಂದೇನು ಎಂಬ ಹಳೆಯ ಪ್ರಶ್ನೆಗೆ ಇಂಥ ಸಮಿತಿಗಳು ಉತ್ತರವಾಗಿ ಬಂದವು. ಶಿಬಿರದಲ್ಲಿ ವೈದ್ಯಕೀಯ ನಿಗಾ ಎಷ್ಟು ಬಿಗಿಯಾಗಿರುತ್ತದೆಯೋ ಅದರ ಸುರಕ್ಷತೆ ಅಷ್ಟೇ ಎಂಬುದೂ ನಿಜ.

ಕೇಂದ್ರ ಸರ್ಕಾರವು ರಾಷ್ಟ್ರೀಯ ಸಾಮಾಜಿಕ ರಕ್ಷಣಾ ಸಂಸ್ಥೆಯಲ್ಲಿ 1998ರಲ್ಲಿ ಮಾದಕವಸ್ತು ತಡೆ ಕೇಂದ್ರವನ್ನು ತೆರೆದು, ಪ್ರಾದೇಶಿಕ ಸಂಪನ್ಮೂಲ ಕೇಂದ್ರಗಳ ಮೂಲಕ ಸಮಾಲೋಚಕರ ತರಬೇತಿಗೆ ಒಂದು ಚೌಕಟ್ಟನ್ನು ರೂಪಿಸಿತು.

ನಿಷೇಧ, ನ್ಯಾಯ ಮತ್ತು ಅಂತರ

ಮದ್ಯದ ಪ್ರಶ್ನೆಯನ್ನು ಬೀದಿಗೆ ತಂದವರು ಮಹಿಳೆಯರು. ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಿಂದ 1992ರಲ್ಲಿ ಹಬ್ಬಿದ ಸಾರಾಯಿ ವಿರೋಧಿ ಚಳವಳಿ ಇದಕ್ಕೆ ಪ್ರಸಿದ್ಧ ನಿದರ್ಶನ. ಕರ್ನಾಟಕ ಸರ್ಕಾರವು 2007ರ ಜುಲೈನಿಂದ ಸಾರಾಯಿಯನ್ನು ನಿಷೇಧಿಸಿತು. ಕುಡಿಯುವವರಲ್ಲಿ ಹಲವರು ಅಗ್ಗದ ವಿಸ್ಕಿ, ರಮ್ಮುಗಳಿಗೆ ಹೊರಳಿದರು. 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದರು. ಅಂಗಡಿ ಮುಚ್ಚಿಸುವುದು ಮತ್ತು ರೋಗಿಯನ್ನು ಗುಣಪಡಿಸುವುದು ಬೇರೆ ಬೇರೆ ಕೆಲಸಗಳು. ಒಂದು ಇನ್ನೊಂದರ ಸ್ಥಾನವನ್ನು ತುಂಬಲಾರದು.

ತರಬೇತಿ ಪಡೆದವರ ಕೊರತೆಯ ಪ್ರಮಾಣವನ್ನು ಅಂಕಿಗಳು ಹೇಳುತ್ತವೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಮದ್ಯದ ತೊಂದರೆಯುಳ್ಳವರಲ್ಲಿ ಶೇಕಡ 86ರಷ್ಟು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. 2019ರಲ್ಲಿ ಪ್ರಕಟವಾದ ಇನ್ನೊಂದು ರಾಷ್ಟ್ರೀಯ ಸಮೀಕ್ಷೆಯಲ್ಲಿ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ಸಿಕ್ಕಿದ್ದಾಗಿ ಕಂಡುಬಂತು. ಈ ಅಂತರವನ್ನು ತುಂಬಲು ತರಬೇತಿಯಿಲ್ಲದವರು ಕೇಂದ್ರಗಳನ್ನು ತೆರೆದಾಗ ಹೊಡೆತ, ಉಪವಾಸ, ಸಂಕೋಲೆಗಳೇ ಚಿಕಿತ್ಸೆಯಾಗುವ ಅಪಾಯವಿದೆ. 2001ರ ಆಗಸ್ಟಿನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿಯಲ್ಲಿ ಬಂಧಿತರಾಗಿದ್ದ 28 ಮನೋರೋಗಿಗಳು ಬೆಂಕಿಗೆ ಬಲಿಯಾದದ್ದು ಇಂಥ ಸ್ಥಳಗಳ ಕುರಿತ ಕಟು ಎಚ್ಚರಿಕೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮದ್ಯ ಹಾಗೂ ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ತನ್ನ ವ್ಯಾಪ್ತಿಗೆ ತಂದುಕೊಂಡು, ಸಂಕೋಲೆ ಹಾಕುವುದನ್ನು ಸ್ಪಷ್ಟವಾಗಿ ನಿಷೇಧಿಸಿದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಜನಪದ ಚಿಕಿತ್ಸಕರನ್ನು ಮೂಢರೆಂದು ಬದಿಗಿರಿಸುವ ತರಬೇತಿಯು ರೋಗಿ ಮೊದಲು ತಟ್ಟುವ ಬಾಗಿಲನ್ನೇ ಕಳೆದುಕೊಳ್ಳುತ್ತದೆ. ಕೈನಡುಗುವವನಿಗೆ ನುಡಿ ಕೊಡುವ ಮುನ್ನ ಆಸ್ಪತ್ರೆಯ ದಾರಿ ತೋರಿಸಬೇಕೆಂಬುದನ್ನು ಪಾತ್ರಿಗೂ ಅರ್ಚಕನಿಗೂ ಗುರುಸ್ವಾಮಿಗೂ ಕಲಿಸಬಹುದು. ಅದಕ್ಕೆ ಅವರ ನಂಬಿಕೆಯನ್ನು ಅಲ್ಲಗಳೆಯಬೇಕಾಗಿಲ್ಲ. ಎರಡನೆಯದು, ಸಮಾಲೋಚಕನ ಪಠ್ಯದಲ್ಲಿ ಔಷಧಿಯ ಹೆಸರುಗಳಿರುವಂತೆ ಊರಿನ ಆಣೆ, ಹರಕೆ, ಹಬ್ಬ, ಗಾದೆಗಳ ಅರಿವೂ ಇರಬೇಕು. ಯಾವ ಹಬ್ಬದ ದಿನ ಮರುಕಳಿಕೆಯ ಭಯ ಹೆಚ್ಚು, ಯಾವ ಆಣೆ ಮುರಿದರೆ ನಾಚಿಕೆಯಿಂದ ಮತ್ತಷ್ಟು ಕುಡಿಯುವಂತಾಗುತ್ತದೆ ಎಂಬುದನ್ನು ಊರನ್ನು ಬಲ್ಲವನೇ ಬಲ್ಲ. ಮಹಿಳಾ ವ್ಯಸನಿಗಳ ಸ್ಥಿತಿಯಂತೂ ಪುರುಷರನ್ನೇ ಎದುರಿಗಿಟ್ಟುಕೊಂಡು ರೂಪುಗೊಂಡ ಶಿಬಿರ, ವ್ರತಗಳೆರಡರ ಹೊರಗೂ ಉಳಿದಿದ್ದು, ಪ್ರತ್ಯೇಕ ಅಧ್ಯಯನವನ್ನು ಬೇಡುತ್ತದೆ. ಜಾನಪದ ವಿದ್ವಾಂಸರು ಸಂಗ್ರಹಿಸಿರುವ ಹರಕೆ, ನುಡಿಗಟ್ಟು, ಆಚರಣೆಗಳ ದಾಖಲೆಗಳು ಗ್ರಂಥಾಲಯಗಳಲ್ಲಿವೆ. ಅವುಗಳನ್ನು ತರಬೇತಿಯ ಕೊಠಡಿಗೆ ತಲುಪಿಸುವ ಕೆಲಸದಲ್ಲಿ ವೈದ್ಯರೂ ಜಾನಪದ ತಜ್ಞರೂ ಒಟ್ಟಿಗೆ ಕೂರಬೇಕಾಗಿದೆ.