ಇರುಳ ಕುಣಿತದ ಕೃತಯುಗ

ಸಂಗೀತವೇ ಆಗಲಿ ನಾಟಕವೇ ಆಗಲಿ, ಒಂದು ಕಲೆಯನ್ನು ಮನಸಾರ ಪ್ರೀತಿಸಿದವರು ಅದಕ್ಕೊಂದು ಕೃತಯುಗವನ್ನು ಕಲ್ಪಿಸಿಕೊಳ್ಳದೆ ಬಿಡುವುದಿಲ್ಲ. ಆ ಯುಗವು ಅವರ ಯೌವನದ ಕಾಲದಲ್ಲಿಯೇ ನಡೆದುಹೋಗಿರುತ್ತದೆ ಎಂಬುದು ವಿಚಿತ್ರವಾದರೂ ಸಹಜವೇ ಸರಿ. ಇಂಗ್ಲಂಡಿನಲ್ಲಿ ಈಗ ಅರುವತ್ತರ ಹೊಸ್ತಿಲಲ್ಲಿರುವ ಒಂದು ತಲೆಮಾರಿನವರು ‘ರೇವ್’ ಎಂಬ ರಾತ್ರಿಯ ನೃತ್ಯಕೂಟಗಳನ್ನು ಕುರಿತು ಇಂತಹ ಮಾತನ್ನೇ ಆಡುತ್ತಿರುವರು. ರೇವ್ ಎಂಬ ಶಬ್ದಕ್ಕೆ ಮೂಲದಲ್ಲಿ ಪ್ರಲಾಪಿಸುವುದು, ಉನ್ಮತ್ತನಂತೆ ನುಡಿಯುವುದು ಎಂದರ್ಥ. ೧೯೮೮ನೆಯ ಇಸವಿಯ ಬೇಸಗೆಯೇ ಆ ಕಲೆಯ ಆದಿಪರ್ವವೆಂದೂ, ಅಂದು ಬಡವ ಬಲ್ಲಿದರೆಂಬ ಭೇದವಿಲ್ಲದೆ ಅಪರಿಚಿತರು ಒಬ್ಬರನ್ನೊಬ್ಬರು ಆಲಿಂಗಿಸಿಕೊಂಡು ಸೂರ್ಯೋದಯದವರೆಗೆ ಕುಣಿದರೆಂದೂ, ಈಚಿನ ಮಕ್ಕಳಿಗೆ ಆ ಸುಖದ ಗಂಧವೂ ತಿಳಿಯದೆಂದೂ ಅವರು ಹೇಳುವರು. ಗ್ರಂಥಗಳೂ ಚಲಚ್ಚಿತ್ರಗಳೂ ವಸ್ತುಪ್ರದರ್ಶನಗಳೂ ಈ ನೆನಪನ್ನು ಪೋಷಿಸುತ್ತಿವೆ. ಆದರೆ ಆದಿಪರ್ವವೆನ್ನಿಸಿಕೊಂಡ ಈ ಬೇಸಗೆಯ ಹಿಂದೆ ಬೇರೊಂದು ದೇಶದಲ್ಲಿ ಒಂದು ಇಡೀ ಯುಗವೇ ಕಳೆದುಹೋಗಿದ್ದಿತು.

ಅದರ ಮೂಲವನ್ನು ಅಮೆರಿಕಾ ದೇಶದ ನ್ಯೂಯಾರ್ಕ್ ನಗರದಲ್ಲಿ ಅರಸಬೇಕು. ೧೯೭೦ನೆಯ ಇಸವಿಯ ಫೆಬ್ರವರಿಯಲ್ಲಿ ಡೇವಿಡ್ ಮಾಂಕ್ಯೂಸೊ ಎಂಬಾತನು ಬ್ರಾಡ್‌ವೇ ಬೀದಿಯಲ್ಲಿದ್ದ ತನ್ನ ವಾಸದ ಅಟ್ಟದಲ್ಲಿಯೇ ಮಿತ್ರರಿಗಾಗಿ ಒಂದು ನೃತ್ಯಕೂಟವನ್ನು ಏರ್ಪಡಿಸಿದನು. ಅದು ವಾಡಿಕೆಯಾಗಿ ಬೆಳೆದು ‘ಲಾಫ್ಟ್’ ಎಂದು ಹೆಸರಾಯಿತು. ಅಲ್ಲಿಗೆ ಆಹ್ವಾನವಿದ್ದವರಿಗೆ ಮಾತ್ರ ಪ್ರವೇಶ, ಮದ್ಯದ ಮಾರಾಟವಿಲ್ಲ, ಉತ್ತಮವಾದ ಧ್ವನಿವರ್ಧಕಗಳ ಮುಂದೆ ಆತನು ಗ್ರಾಮಫೋನ್ ತಟ್ಟೆಗಳನ್ನು ಒಂದಾದ ಮೇಲೊಂದರಂತೆ ನುಡಿಸುವನು. ಮಾಂಕ್ಯೂಸೊ ಅನಾಥಾಶ್ರಮದಲ್ಲಿ ಬೆಳೆದವನು. ಅಲ್ಲಿಯ ಸಂನ್ಯಾಸಿನಿಯೊಬ್ಬಳು ಮಕ್ಕಳಿಗಾಗಿ ಬಣ್ಣದ ಬುಗ್ಗೆಗಳನ್ನು ಕಟ್ಟಿ, ತಟ್ಟೆಗಳನ್ನು ಹಾಕಿ ಸಂತೋಷಕೂಟಗಳನ್ನು ನಡೆಸುತ್ತಿದ್ದಳೆಂದು ಆತನೇ ಹೇಳಿಕೊಂಡಿರುವನು. ಲಾಫ್ಟಿನಲ್ಲಿಯೂ ಬುಗ್ಗೆಗಳು ತೂಗುತ್ತಿದ್ದುವು. ತಾಯಿತಂದೆಗಳಿಲ್ಲದ ಮಕ್ಕಳನ್ನು ಸಮಾಧಾನಗೊಳಿಸಲು ಹುಟ್ಟಿದ ಒಂದು ಉಪಾಯವು ಮುಂದೆ ಮನೆಯಿಂದ ಹೊರದೂಡಲ್ಪಟ್ಟ ತರುಣರಿಗೆ ಆಶ್ರಯವಾಯಿತೆಂಬುದನ್ನು ವಾಚಕರು ಗಮನಿಸಬೇಕು. ಹಾಗೆ ಹೊರದೂಡಲ್ಪಟ್ಟವರಲ್ಲಿ ಬಹುಮಂದಿ ಆಫ್ರಿಕಾ ಮೂಲದ ಕರಿಯ ಜನರು, ಲ್ಯಾಟಿನ್ ಅಮೆರಿಕಾ ಮೂಲದವರು. ಅವರಲ್ಲಿಯೂ ಹೆಚ್ಚಾಗಿ ಸಲಿಂಗಪ್ರೇಮಿಗಳು. ಬಣ್ಣದ ಕಾರಣದಿಂದ ಒಂದು ಬಾಗಿಲು, ಪ್ರೇಮದ ಕಾರಣದಿಂದ ಇನ್ನೊಂದು ಬಾಗಿಲು ಅವರಿಗೆ ಮುಚ್ಚಿದ್ದಿತು.

ಷಿಕಾಗೊ ನಗರದಲ್ಲಿ ೧೯೭೭ರಲ್ಲಿ ರಾಬರ್ಟ್ ವಿಲಿಯಮ್ಸ್ ಎಂಬವನು, ಹಿಂದೆ ಕಾರ್ಖಾನೆಯಾಗಿದ್ದ ಮೂರು ಅಂತಸ್ತಿನ ಕಟ್ಟಡವೊಂದರಲ್ಲಿ ‘ವೇರ್‌ಹೌಸ್’ ಎಂಬ ನೃತ್ಯಶಾಲೆಯನ್ನು ತೆರೆದನು. ವೇರ್‌ಹೌಸ್ ಎಂದರೆ ಉಗ್ರಾಣ. ತಟ್ಟೆ ನುಡಿಸುವುದಕ್ಕಾಗಿ ಮೊದಲು ನ್ಯೂಯಾರ್ಕಿನ ಲ್ಯಾರಿ ಲೆವಾನನನ್ನು ಕರೆಯಲು, ಆತನು ಒಪ್ಪದಿರಲಾಗಿ, ಆತನ ಮಿತ್ರನಾದ ಫ್ರಾಂಕಿ ನಕಲ್ಸ್ ಬಂದನು. ಲೆವಾನನು ಅದೇ ಕಾಲದಲ್ಲಿ ನ್ಯೂಯಾರ್ಕಿನ ಕಿಂಗ್ ಬೀದಿಯ ‘ಪ್ಯಾರಡೈಸ್ ಗ್ಯಾರೇಜ್’ ಎಂಬ ಶಾಲೆಯ ಪ್ರಾಣವಾದನು. ಅಲ್ಲಿಯೂ ಮದ್ಯವನ್ನು ಮಾರುತ್ತಿರಲಿಲ್ಲ.

ಈ ಶಾಲೆಗಳ ಹೊರಗೆ ಜನರ ಮನಸ್ಸು ಹೇಗಿದ್ದಿತೆಂಬುದನ್ನು ತಿಳಿಯಲು ೧೯೭೯ನೆಯ ಜುಲೈ ೧೨ನೆಯ ತಾರೀಖಿನ ಸಂಗತಿಯೊಂದೇ ಸಾಕು. ಅಂದು ಷಿಕಾಗೊವಿನ ಕೋಮಿಸ್ಕಿ ಕ್ರೀಡಾಂಗಣದಲ್ಲಿ, ಎರಡು ಬೇಸ್‌ಬಾಲ್ ಪಂದ್ಯಗಳ ನಡುವಿನ ವಿರಾಮದಲ್ಲಿ, ಸ್ಟೀವ್ ಡಾಲ್ ಎಂಬ ರೇಡಿಯೋ ಭಾಷಣಕಾರನು ಡಿಸ್ಕೋ ಎಂಬ ನೃತ್ಯಸಂಗೀತದ ತಟ್ಟೆಗಳನ್ನು ರಾಶಿಹಾಕಿಸಿ ಸಿಡಿಮದ್ದಿನಿಂದ ಸಿಡಿಸಿದನು. ಒಂದು ತಟ್ಟೆಯನ್ನು ತಂದವರಿಗೆ ೯೮ ಸೆಂಟುಗಳಿಗೆ ಪ್ರವೇಶ. ಸಹಸ್ರಾರು ಜನರು ಮೈದಾನಕ್ಕೆ ನುಗ್ಗಿದುದರಿಂದ ಎರಡನೆಯ ಪಂದ್ಯವೇ ನಿಂತುಹೋಯಿತು. ಅಲ್ಲಿ ಪ್ರೇಕ್ಷಕರಿಗೆ ಸ್ಥಳ ತೋರಿಸುವ ಕೆಲಸಕ್ಕಿದ್ದ ವಿನ್ಸ್ ಲಾರೆನ್ಸ್ ಎಂಬ ಕರಿಯ ಹುಡುಗನು, ಜನರು ತಂದೊಪ್ಪಿಸಿದುದರಲ್ಲಿ ಡಿಸ್ಕೋ ಅಲ್ಲವೇ ಅಲ್ಲದ ಕರಿಯ ಗಾಯಕರ ತಟ್ಟೆಗಳೂ ಇದ್ದುವೆಂದು ಮುಂದೆ ಸಾಕ್ಷಿ ನುಡಿದಿರುವನು. ೧೯೮೪ರಲ್ಲಿ ಈ ಹುಡುಗನೇ ಜೆಸ್ಸಿ ಸಾಂಡರ್ಸ್ ಎಂಬವನೊಡಗೂಡಿ ‘ಆನ್ ಅಂಡ್ ಆನ್’ ಎಂಬ ತಟ್ಟೆಯನ್ನು ಹೊರತಂದನು. ಹೊಸ ಸಂಗೀತದ ಮೊದಲ ತಟ್ಟೆಗಳಲ್ಲಿ ಅದನ್ನು ಎಣಿಸುವರು.

ಡಿಸ್ಕೋ ತಟ್ಟೆಗಳ ತಯಾರಿಕೆ ಹೀಗೆ ಇಳಿಮುಖವಾಗಲು, ನಕಲ್ಸನು ಇದ್ದುದನ್ನೇ ಬೆಳೆಸಿಕೊಂಡನು. ಹಾಡಿನಲ್ಲಿ ತಾಳವು ತುಂಬಿ ಬರುವ ಭಾಗವನ್ನು ಧ್ವನಿಪಟ್ಟಿಯ ಮೇಲೆ ಕತ್ತರಿಸಿ ಜೋಡಿಸಿ ಉದ್ದಮಾಡುವನು. ಡೆಟ್ರಾಯಿಟ್ ನಗರದ ಡೆರಿಕ್ ಮೇ ಎಂಬ ತರುಣನಿಂದ ತಾಳಯಂತ್ರವೊಂದನ್ನು ಕೊಂಡು ಅದರ ಪೆಟ್ಟನ್ನು ಹಳೆಯ ಹಾಡುಗಳ ಕೆಳಗೆ ಹಾಸುವನು. ವೇರ್‌ಹೌಸಿನಲ್ಲಿ ಕೇಳಿಬಂದ ಬಗೆಯೆಂಬ ಅರ್ಥದಿಂದ ಈ ಸಂಗೀತಕ್ಕೆ ‘ಹೌಸ್’ ಎಂಬ ಹೆಸರು ನಿಂತಿತೆಂದು ಸಾಮಾನ್ಯವಾಗಿ ಹೇಳುವರು. ಉಗ್ರಾಣದ ಹೆಸರು ಒಂದು ಸಂಗೀತಪದ್ಧತಿಗೆ ಬಂದುದು ಅಪೂರ್ವವೇ.

ಯಂತ್ರಗಳ ಕಥೆಯೂ ಸ್ವಾರಸ್ಯವಾದುದು. ಜಪಾನಿನ ರೋಲ್ಯಾಂಡ್ ಸಂಸ್ಥೆಯವರು ಟಿಬಿ-೩೦೩ ಎಂಬ ಒಂದು ಸಣ್ಣ ಪೆಟ್ಟಿಗೆಯನ್ನು, ಒಂಟಿಯಾಗಿ ಅಭ್ಯಾಸಮಾಡುವ ವಾದಕರಿಗೆ ಮಂದ್ರದ ಗಿಟಾರಿನ ಸಹವಾದ್ಯವಾಗಲೆಂದು ತಯಾರಿಸಿದರು. ಅದು ಗಿಟಾರಿನಂತೆ ನುಡಿಯಲಿಲ್ಲ. ಕೊಳ್ಳುವವರಿಲ್ಲದೆ ೧೯೮೪ರಲ್ಲಿ ತಯಾರಿಕೆ ನಿಂತಿತು. ಆಗ ಅವು ಹಳೆಯ ಸಾಮಾನಿನ ಅಂಗಡಿಗಳಿಗೆ ಅಗ್ಗವಾಗಿ ಬಂದುವು. ಷಿಕಾಗೊವಿನ ಮೂವರು ತರುಣರು ಅಂತಹ ಒಂದರ ಗುಂಡಿಗಳನ್ನು ತಿರುಚುತ್ತ ತಿರುಚುತ್ತ, ಹಿಂಡಿದಂತೆ ಕಿರಿಗುಟ್ಟುವ ಒಂದು ನಾದವನ್ನು ಕಂಡುಕೊಂಡರು. ಅದನ್ನು ರಾನ್ ಹಾರ್ಡಿ ಎಂಬವನು ತನ್ನ ‘ಮ್ಯೂಸಿಕ್ ಬಾಕ್ಸ್’ ನೃತ್ಯಶಾಲೆಯಲ್ಲಿ ಒಂದೇ ರಾತ್ರಿ ನಾಲ್ಕು ಬಾರಿ ನುಡಿಸಿದನಂತೆ: ಮೊದಲ ಸಲ ಕುಣಿಯುವವರೆಲ್ಲರೂ ಬಯಲನ್ನು ಬಿಟ್ಟು ಹೋದರು, ನಾಲ್ಕನೆಯ ಸಲ ಹುಚ್ಚೆದ್ದು ಕುಣಿದರು. ೧೯೮೭ರಲ್ಲಿ ಇದು ‘ಆಸಿಡ್ ಟ್ರ್ಯಾಕ್ಸ್’ ಎಂಬ ಹೆಸರಿನಿಂದ ತಟ್ಟೆಯಾಯಿತು. ಇದಕ್ಕೆ ಐದು ವರ್ಷ ಮೊದಲೇ, ೧೯೮೨ರಲ್ಲಿ, ಮುಂಬಯಿಯ ಚಲಚ್ಚಿತ್ರ ವಾದ್ಯಗಾರರಾದ ಚರಣಜಿತ್ ಸಿಂಗರು ಇದೇ ಪೆಟ್ಟಿಗೆಯ ಮೇಲೆ ಭೈರವ, ಲಲಿತ, ಯಮನ, ಮಾಲಕಂಸ ಮೊದಲಾದ ಹತ್ತು ರಾಗಗಳನ್ನು ನೃತ್ಯದ ತಾಳಕ್ಕೆ ಹೊಂದಿಸಿ ನುಡಿಸಿದ್ದರು. ಕೇಳಿದವರು ವಿರಳ. ೨೦೧೦ರಲ್ಲಿ ಅದು ಮರಳಿ ಪ್ರಕಟವಾದಾಗ, ಸ್ವರದಿಂದ ಸ್ವರಕ್ಕೆ ಜಾರುವ ಗುಣವುಳ್ಳ ಆ ಯಂತ್ರವು ರಾಗಕ್ಕೆ ಎಷ್ಟು ಚೆನ್ನಾಗಿ ಒಗ್ಗಿದೆಯೆಂದು ಪಾಶ್ಚಾತ್ಯರು ಬೆರಗಾದರು.

ಇನ್ನು ಇಂಗ್ಲಂಡಿನ ಕಡೆಗೆ ತಿರುಗಬಹುದು. ೧೯೮೭ರ ಬೇಸಗೆಯಲ್ಲಿ ಲಂಡನಿನ ಕೆಲವು ತಟ್ಟೆಗಾರರು ಸ್ಪೇನಿಗೆ ಸೇರಿದ ಇಬಿಜಾ ದ್ವೀಪಕ್ಕೆ ವಿಹಾರಕ್ಕೆ ಹೋಗಿ, ಅಲ್ಲಿ ಆಲ್ಫ್ರೆಡೊ ಎಂಬಾತನು ತೆರೆದ ಆಕಾಶದ ಕೆಳಗೆ ಹೌಸ್ ಸಂಗೀತವನ್ನು ಬೇರೆ ಬೇರೆ ದೇಶಗಳ ಹಾಡುಗಳೊಡನೆ ಬೆರಸಿ ನುಡಿಸುವುದನ್ನು ಕೇಳಿ ಬಂದರು. ಅವರಲ್ಲಿ ಡ್ಯಾನಿ ರಾಂಪ್ಲಿಂಗ್ ಎಂಬವನು ಆ ವರ್ಷದ ಕೊನೆಯಲ್ಲಿ ಲಂಡನಿನ ಸದರ್ಕ್ ಭಾಗದ ಒಂದು ವ್ಯಾಯಾಮಶಾಲೆಯಲ್ಲಿ ‘ಶೂಮ್’ ಎಂಬ ಕೂಟವನ್ನು ಆರಂಭಿಸಿದನು. ಮ್ಯಾಂಚೆಸ್ಟರಿನಲ್ಲಿ ೧೯೮೨ರಿಂದಲೇ ಇದ್ದ ‘ಹಸಿಯೆಂಡಾ’ ಶಾಲೆಯು ಹೊಸ ಸಂಗೀತದಿಂದ ಕಿಕ್ಕಿರಿದು ತುಂಬಿತು. ತುಂಬಿದರೂ ನಷ್ಟವೇ: ಬಂದವರು ಮದ್ಯವನ್ನು ಕೊಳ್ಳದೆ ನೀರು ಕುಡಿದು ಕುಣಿಯುತ್ತಿದ್ದರು; ‘ನ್ಯೂ ಆರ್ಡರ್’ ಎಂಬ ವಾದ್ಯಗೋಷ್ಠಿಯವರು ತಮ್ಮ ತಟ್ಟೆಗಳಿಂದ ಗಳಿಸಿದ ಹಣವನ್ನು ಆ ಶಾಲೆಗೆ ಸುರಿಯಬೇಕಾಯಿತು.

ನೀರು ಕುಡಿದುದಕ್ಕೆ ಕಾರಣ ವೈರಾಗ್ಯವಲ್ಲ; ಎಕ್ಸ್‌ಟಸಿ ಎಂಬ ಮಾತ್ರೆ. ೧೯೭೭ರಿಂದಲೂ ಬ್ರಿಟನ್ನಿನಲ್ಲಿ ನಿಷಿದ್ಧವಾಗಿದ್ದ ಈ ದ್ರವ್ಯವೇ ಆ ಆಲಿಂಗನಗಳಲ್ಲಿ ಅರ್ಧವನ್ನಾದರೂ ಮಾಡಿಸಿತೆಂದು ಹೇಳಬೇಕಾಗುತ್ತದೆ. ೧೯೮೯ರಲ್ಲಿ ಹಸಿಯೆಂಡಾದಲ್ಲಿ ಅದನ್ನು ಸೇವಿಸಿದ ಹದಿನಾರು ವರ್ಷದ ಬಾಲಿಕೆಯೊಬ್ಬಳು ಮರಣಹೊಂದಿದಳು. ಹಳೆಯ ದಿನಗಳ ಗುಣಗಾನದಲ್ಲಿ ಈ ಬಾಲಿಕೆಗೆ ಎಡೆ ಸಾಲದು.

ಲಂಡನ್ ನಗರವನ್ನು ಸುತ್ತಿ ಬರುವ ೧೧೭ ಮೈಲಿಗಳ ಹೆದ್ದಾರಿಯು ೧೯೮೬ರಲ್ಲಿ ಪೂರ್ಣವಾಗಿದ್ದಿತು. ನೃತ್ಯಶಾಲೆಗಳು ನಡುರಾತ್ರಿ ಕಳೆದೊಡನೆ ಮುಚ್ಚಬೇಕೆಂಬ ಕಟ್ಟಳೆಯಿದ್ದುದರಿಂದ, ೧೯೮೯ರ ವೇಳೆಗೆ ಕುಣಿತವು ಹೊಲಗಳಿಗೂ ವಿಮಾನಗಳ ಹಳೆಯ ಗೂಡುಗಳಿಗೂ ಹೊರಟಿತು. ಸ್ಥಳವನ್ನು ಮುಂಚಿತವಾಗಿ ಯಾರಿಗೂ ತಿಳಿಸುತ್ತಿರಲಿಲ್ಲ. ಟಿಕೇಟಿನ ಮೇಲಿನ ದೂರವಾಣಿಯ ಅಂಕೆಗೆ ಕರೆದರೆ ಕಡೆಯ ಘಳಿಗೆಯಲ್ಲಿ ಸಂದೇಶ ದೊರೆಯುವುದು. ಪೆಟ್ರೋಲು ಅಂಗಡಿಗಳ ಬಳಿ ಕಾದಿದ್ದ ನೂರಾರು ಮೋಟಾರುಗಳು ಪೋಲೀಸರು ತಲಪುವುದಕ್ಕೆ ಮುನ್ನವೇ ಅತ್ತ ಧಾವಿಸುವುವು. ಆ ತಲೆಮಾರಿನವರು ಅತ್ಯಂತ ಪ್ರೀತಿಯಿಂದ ನೆನೆಯುವುದು ಸಂಗೀತವನ್ನಲ್ಲ, ಕತ್ತಲ ದಾರಿಯ ಈ ಹುಡುಕಾಟವನ್ನೇ. ಸರಕಾರವು ೧೯೯೦ರಲ್ಲಿ ಅನುಮತಿಯಿಲ್ಲದ ಕೂಟಗಳಿಗೆ ೨೦,೦೦೦ ಪೌಂಡುಗಳವರೆಗೆ ದಂಡವನ್ನೂ ಆರು ತಿಂಗಳ ಸೆರೆಯನ್ನೂ ವಿಧಿಸಿತು. ೧೯೯೨ರ ಮೇ ತಿಂಗಳಲ್ಲಿ ಕ್ಯಾಸಲ್‌ಮಾರ್ಟನ್ ಎಂಬ ಹುಲ್ಲುಗಾವಲಿನಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕ ಜನರು ನೆರೆದು ದಿನಗಟ್ಟಲೆ ಕುಣಿಯಲು, ೧೯೯೪ರ ಕಾನೂನು ಬಂದಿತು. ಒಂದೇ ಸಮನೆ ಪುನರಾವರ್ತಿಸುವ ತಾಳದ ಪೆಟ್ಟುಗಳನ್ನೂ ಸಂಗೀತದ ಲಕ್ಷಣದಲ್ಲಿ ಅದು ಸೇರಿಸಿತು. ಲಾಕ್ಷಣಿಕರು ಹೇಳಬೇಕಾದುದನ್ನು ಪಾರ್ಲಿಮೆಂಟು ಹೇಳಿದ ಈ ಉದಾಹರಣೆ ವಿರಳವಾದುದು. ಜರ್ಮನಿಯಲ್ಲಿ ಇದಕ್ಕೆ ವಿಪರೀತ. ೧೯೮೯ರಲ್ಲಿ ಗೋಡೆ ಬಿದ್ದ ಬಳಿಕ ಬರ್ಲಿನ್ನಿನ ಹಾಳು ನೆಲಮಾಳಿಗೆಗಳಲ್ಲಿ ಬೆಳೆದ ಟೆಕ್ನೋ ಸಂಗೀತವನ್ನು ೨೦೨೪ರಲ್ಲಿ ಆ ದೇಶವು ತನ್ನ ಪರಂಪರೆಯ ಪಟ್ಟಿಯಲ್ಲಿ ಸೇರಿಸಿಕೊಂಡಿದೆ.

ಹೀಗಿರಲು, ಅಮೆರಿಕಾದ ಆ ಮೊದಲಿಗರಿಂದ ಇಂತಹ ತುಂಬುಕಂಠದ ಸ್ಮರಣೆ ಏಕೆ ಕೇಳಿಬರುವುದಿಲ್ಲ? ಸ್ಮರಿಸುವುದಕ್ಕೆ ಮೊದಲು ಬದುಕಿರಬೇಕು. ಏಡ್ಸ್ ರೋಗದ ಮೊದಲ ವರದಿಗಳು ಬಂದುದು ೧೯೮೧ರಲ್ಲಿ. ೧೯೮೨ರ ಏಪ್ರಿಲಿನಲ್ಲಿಯೇ ಪ್ಯಾರಡೈಸ್ ಗ್ಯಾರೇಜಿನಲ್ಲಿ ರೋಗಿಗಳ ನೆರವಿಗಾಗಿ ಹಣ ಕೂಡಿಸುವ ಒಂದು ರಾತ್ರಿಯನ್ನು ನಡೆಸಿದರು. ವಾರ ವಾರವೂ ಕುಣಿಯುತ್ತಿದ್ದವರಲ್ಲಿ ಒಬ್ಬೊಬ್ಬರೇ ಕಾಣದಾದರು. ೧೯೮೭ರ ಸೆಪ್ಟೆಂಬರಿನ ಕೊನೆಯಲ್ಲಿ ಗ್ಯಾರೇಜ್ ಮುಚ್ಚಿತು. ಅದರ ಒಡೆಯನಾದ ಮೈಕೇಲ್ ಬ್ರಾಡಿ ಅದೇ ವರ್ಷ ಅದೇ ರೋಗದಿಂದ ತೀರಿಕೊಂಡನು. ಲಂಡನಿನಲ್ಲಿ ಶೂಮ್ ಬಾಗಿಲು ತೆರೆದುದು ಅದಾದ ಎರಡೇ ತಿಂಗಳ ಮೇಲೆ. ರಾನ್ ಹಾರ್ಡಿ ಮೂವತ್ತಮೂರು ವರ್ಷದವನಾಗಿ, ಲೆವಾನನು ಮೂವತ್ತೆಂಟು ವರ್ಷದವನಾಗಿ, ಇಬ್ಬರೂ ೧೯೯೨ರಲ್ಲಿ, ಕ್ಯಾಸಲ್‌ಮಾರ್ಟನ್ನಿನ ಕುಣಿತದ ವರ್ಷದಲ್ಲಿಯೇ, ಗತಿಸಿದರು. ಇಂಗ್ಲಂಡಿನವರು ತಮ್ಮ ಪ್ರಾತಃಕಾಲವೆಂದು ಕರೆಯುವುದು ಆ ಜನರ ಪಾಲಿಗೆ ಶ್ಮಶಾನದಿಂದ ಹಿಂದಿರುಗುವ ಹೊತ್ತಾಗಿದ್ದಿತು. ಇಂಗ್ಲಂಡಿನವರ ಸಂತೋಷವು ಸುಳ್ಳೆಂದು ಇದರಿಂದ ಆಗುವುದಿಲ್ಲ. ಆದರೆ ಕೃತಯುಗದ ಕರ್ತೃತ್ವವನ್ನು ಉಳಿದವರೇ ತಮ್ಮದೆಂದು ಬರೆದುಕೊಳ್ಳುವುದು ನ್ಯಾಯವಲ್ಲ.

ಕಟ್ಟಡಗಳ ಗತಿಯೂ ಬಗೆಬಗೆಯಾಯಿತು. ಹಸಿಯೆಂಡಾ ೧೯೯೭ರಲ್ಲಿ ಮುಚ್ಚಿತು. ೨೦೦೨ರಲ್ಲಿ ಅದನ್ನು ಕೆಡವಿ, ಅದೇ ಹೆಸರಿನ ವಾಸದ ಮನೆಗಳನ್ನು ಕಟ್ಟಿ ಮಾರಿದರು. ಗ್ಯಾರೇಜಿನ ಕಟ್ಟಡವೂ ೨೦೧೮ರಲ್ಲಿ ನೆಲಸಮವಾಯಿತು. ಷಿಕಾಗೊ ನಗರವು ಮಾತ್ರ ೨೦೦೪ರಲ್ಲಿ ವೇರ್‌ಹೌಸಿನ ಬೀದಿಯ ಆ ಭಾಗಕ್ಕೆ ಫ್ರಾಂಕಿ ನಕಲ್ಸನ ಹೆಸರನ್ನು ಗೌರವಾರ್ಥವಾಗಿ ಇಟ್ಟಿತು. ಆತನು ೨೦೧೪ರಲ್ಲಿ ನಿಧನಹೊಂದಿದನು. ೨೦೨೩ರಲ್ಲಿ ಆ ಕಟ್ಟಡವನ್ನು ರಕ್ಷಿತ ಸ್ಮಾರಕವೆಂದು ಸಾರಿತು. ಆತನು ಕೂಡಿಸಿದ್ದ ಸಾವಿರಾರು ತಟ್ಟೆಗಳು ಅದೇ ನಗರದ ದಕ್ಷಿಣ ಭಾಗದಲ್ಲಿ, ಹಿಂದೆ ಬ್ಯಾಂಕಾಗಿದ್ದು ಬಹುಕಾಲ ಪಾಳುಬಿದ್ದು ಕರಿಯ ಜನರ ಕಲಾಭಂಡಾರವಾಗಿ ೨೦೧೫ರಲ್ಲಿ ಮತ್ತೆ ಬಾಗಿಲು ತೆರೆದ ಒಂದು ಕಟ್ಟಡವನ್ನು ಸೇರಿವೆ.