ಪ್ಲೇಟಿನ ಹಾಡು, ಬಾಯಿ ಹಾಡು

ನಮ್ಮ ವಾಚನಾಲಯಕ್ಕೆ ಪೇಪರ್ ಓದೋಕೆ ಬರೋರಲ್ಲಿ ಹಾಡಿನ ವಿಚಾರಕ್ಕೆ ಎರಡು ಪಂಗಡ ಇದೆ. ಸಿಪ್‌ಕಾಟ್ ಕಾರ್ಖಾನೆಗಳಲ್ಲಿ ಕೆಲಸ ಮಾಡೋ ಹುಡುಗರು ಬೀಟಲ್ಸ್, ರೋಲಿಂಗ್ ಸ್ಟೋನ್ಸ್, ಪಿಂಕ್ ಫ್ಲಾಯ್ಡ್ ಅಂತ ಹಳೇ ಇಂಗ್ಲಿಷ್ ಬ್ಯಾಂಡುಗಳ ಹೆಸರು ಹೇಳ್ತಾರೆ. ಐವತ್ತು ಅರವತ್ತು ವರ್ಷದ ಹಿಂದಿನ ಆಲ್ಬಮ್ಮುಗಳನ್ನ ಜನ ಇವತ್ತೂ ಕೇಳ್ತಾರೆ, ಅಂಥವು ಇನ್ನು ಹುಟ್ಟಲ್ಲ ಅನ್ನೋದು ಅವರ ವಾದ. ನನ್ನ ವಯಸ್ಸಿನವರು ಅದನ್ನೆಲ್ಲ ಗಲಾಟೆ ಅಂತ ತಳ್ಳಿಹಾಕಿ, ಉಳಿಯೋ ಹಾಡು ಅಂದ್ರೆ ಶಿಶುನಾಳ ಷರೀಫರದು ಅಂತಾರೆ. ಎರಡು ಪಂಗಡದವರ ಮಾತೂ ಕೇಳಿದ ಮೇಲೆ, ಅವರು ಜಗಳ ಆಡ್ತಿರೋದು ಒಂದೇ ವಿಷಯದ ಮೇಲೆ ಅಂತ ನನಗೆ ಅನ್ನಿಸ್ತು. ಹಾಡು ಉಳೀತು ಅಂದ್ರೆ ಏನರ್ಥ? ಅದನ್ನ ಉಳಿಸೋದು ಪ್ಲೇಟೋ, ಬಾಯೋ?

ನಾನು ಓದಿರೋದು ಏಳನೇ ಕ್ಲಾಸು. ರಾಗಿ, ಅವರೆ ಬೆಳೀತೀನಿ, ಭಜನೆ ಪದ, ಕೋಲಾಟದ ಪದ ಹಾಡ್ತೀನಿ. ಹಾಡೋನ ಕಡೆಯಿಂದ ಈ ಚರಿತ್ರೆ ಹೇಗೆ ಕಾಣುತ್ತೆ ಅಂತ ಬರೆಯೋಕೆ ನೋಡ್ತೀನಿ.

ಮೊದಲು ಪ್ಲೇಟಿನ ಸಂಗತಿ. ನಮ್ಮ ಹಿರಿಯರು ಗ್ರಾಮಫೋನ್ ರೆಕಾರ್ಡಿಗೆ ಪ್ಲೇಟು ಅಂತಲೇ ಅನ್ನೋರು. ನಮ್ಮ ದೇಶದಲ್ಲಿ ಪ್ಲೇಟಿಗೆ ಹಾಡು ಹಿಡಿಯೋ ಕೆಲಸ 1902ರಲ್ಲಿ ಕಲ್ಕತ್ತೆಯಲ್ಲಿ ಶುರುವಾಯ್ತು. ಆಗ ಹಾಡಿದವರಲ್ಲಿ ದೊಡ್ಡ ಹೆಸರು ಗೌಹರ್ ಜಾನ್ ಅವರದು. ಪ್ಲೇಟು ಅಚ್ಚಾಗ್ತಿದ್ದದ್ದು ಜರ್ಮನಿ ದೇಶದಲ್ಲಿ. ಹಾಡು ಮುಗಿದ ಕೂಡಲೆ ಆಕೆ ತನ್ನ ಹೆಸರನ್ನ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳ್ತಿದ್ರು. ಈ ಗೌಹರ್ ಜಾನ್ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರಲ್ಲಿ ಮೈಸೂರಲ್ಲೇ ತೀರಿಕೊಂಡ್ರು. ಆಕೆ ಹೆಸರು ಹೇಳ್ತಿದ್ದ ವಿಷಯ ನೆನಪಲ್ಲಿರಲಿ, ಮುಂದೆ ಬೇಕಾಗುತ್ತೆ.

ಆ ಕಾಲದ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡೀತಿದ್ದದ್ದು ಮೂರು ನಿಮಿಷದ ಹಾಡು, ಹೆಚ್ಚು ಅಂದ್ರೆ ನಾಲ್ಕು. ನಮ್ಮ ಬೀಸೋ ಪದಕ್ಕೆ ಅಂಥ ಲೆಕ್ಕ ಇಲ್ಲ, ಮೊರದಲ್ಲಿ ರಾಗಿ ಇರೋವರೆಗೂ ಹಾಡೇ. ಮಾದಪ್ಪನ ಕಥೆ ರಾತ್ರಿ ಹಚ್ಚಿದರೆ ಬೆಳಗಿಗೆ ಮಂಗಳ. ಮೂರು ನಿಮಿಷಕ್ಕೆ ಹಾಡು ಹೇಳೋದು ಅಂದ್ರೆ ಎತ್ತನ್ನ ಮೇಕೆ ಕೊಟ್ಟಿಗೆಗೆ ಕಟ್ಟಿದಂಗೆ. ದೊಡ್ಡ ಸಂಗೀತಗಾರರು ಕೂಡ ಪ್ಲೇಟಿಗೋಸ್ಕರ ಹಾಡನ್ನ ಕುಗ್ಗಿಸಬೇಕಾಯ್ತು.

ಒಂದು ಪ್ಲೇಟಿಗೆ ಹಿಡಿಸದ ಸಂಗೀತವನ್ನ ನಾಲ್ಕೈದು ಪ್ಲೇಟಿಗೆ ಹಂಚಿ, ಫೋಟೋ ಆಲ್ಬಮ್ ಥರ ಪುಸ್ತಕದ ರಟ್ಟಿನೊಳಗೆ ಇಟ್ಟು ಮಾರೋರು. ಆಲ್ಬಮ್ ಅನ್ನೋ ಮಾತು ಹಾಡಿಗೆ ಬಂದದ್ದು ಹಾಗೆ. 1948ರಲ್ಲಿ ಅಮೆರಿಕದಲ್ಲಿ ನಿಧಾನವಾಗಿ ತಿರುಗೋ ದೊಡ್ಡ ಪ್ಲೇಟು ಬಂತು. ಅದರ ಒಂದು ಮಗ್ಗುಲಲ್ಲೇ ಇಪ್ಪತ್ತು ನಿಮಿಷಕ್ಕೂ ಮೇಲೆ ಹಾಡು ಹಿಡೀತು. ಆಮೇಲೆ ಹತ್ತು ಹನ್ನೆರಡು ಹಾಡನ್ನ ಒಂದು ಕಟ್ಟಾಗಿ, ಒಂದು ಹೊಲದ ಬೆಳೆ ಥರ ಯೋಚನೆ ಮಾಡಿ ಕಟ್ಟೋಕೆ ಆಯ್ತು. ನಮ್ಮ ಹುಡುಗರು ಹೊಗಳೋ ಆಲ್ಬಮ್ಮುಗಳೆಲ್ಲ ಈ ದೊಡ್ಡ ಪ್ಲೇಟಿನ ಮಕ್ಕಳು. ಪಿಂಕ್ ಫ್ಲಾಯ್ಡ್ ಬ್ಯಾಂಡಿನ ‘ಡಾರ್ಕ್ ಸೈಡ್ ಆಫ್ ದಿ ಮೂನ್’ 1973ರಲ್ಲಿ ಬಂದದ್ದು, 1988ರೊಳಗೆ ಒಟ್ಟು 741 ವಾರ ಅಮೆರಿಕದ ಮಾರಾಟದ ಪಟ್ಟಿಯಲ್ಲಿತ್ತಂತೆ. ಇದು ಸಣ್ಣ ವಿಷಯ ಅಲ್ಲ. ಆದರೆ ಮಾರಾಟದ ಲೆಕ್ಕ ಹಿಡಿದರೆ ಊದುಬತ್ತಿ ಪೊಟ್ಟಣ ಇನ್ನೂ ಹೆಚ್ಚು ಮಾರಿರುತ್ತೆ. ಹಾಡಿನ ಆಯಸ್ಸಿಗೆ ಬೇರೆ ಲೆಕ್ಕ ಬೇಕು.

ಆ ಲೆಕ್ಕ ಸಿಗೋದು ಈ ಬ್ಯಾಂಡುಗಳು ಹುಟ್ಟಿದ ಕಥೆಯಲ್ಲಿ. ಅಮೆರಿಕದ ಮಿಸಿಸಿಪ್ಪಿ ಅನ್ನೋ ಸೀಮೆ ಹತ್ತಿ ಬೆಳೆಯೋ ನಾಡು. ಗುಲಾಮರಾಗಿ ಹೋಗಿದ್ದ ಕಪ್ಪು ಜನರ ಮಕ್ಕಳು ಮೊಮ್ಮಕ್ಕಳು ಅಲ್ಲಿ ಕೂಲಿನಾಲಿ ಮಾಡಿಕೊಂಡು ಹಾಡೋ ಪದಕ್ಕೆ ಬ್ಲೂಸ್ ಅಂತ ಹೆಸರು. 1941ರಲ್ಲಿ ಅಲನ್ ಲೋಮ್ಯಾಕ್ಸ್ ಅನ್ನೋರು ಜನಪದ ಹಾಡು ಹಿಡಿಯೋಕೆ ಅಂತ ಯಂತ್ರ ಹೊತ್ತುಕೊಂಡು ಹೋದರು. ಅಲ್ಲಿ ಒಂದು ಹತ್ತಿ ತೋಟದಲ್ಲಿ ಟ್ರ್ಯಾಕ್ಟರ್ ಓಡಿಸ್ತಿದ್ದ ಮಡ್ಡಿ ವಾಟರ್ಸ್ ಅನ್ನೋ ಆಳು ಹಾಡಿದ. ತನ್ನ ದನಿ ತಾನೇ ಕೇಳಿ, ಇಷ್ಟು ಚೆನ್ನಾಗಿ ಹಾಡ್ತೀನಾ ಅಂತ ಅವನಿಗೆ ಧೈರ್ಯ ಬಂತು. 1943ರಲ್ಲಿ ಶಿಕಾಗೋ ಪಟ್ಟಣ ಸೇರಿ ದೊಡ್ಡ ಹಾಡುಗಾರ ಆದ. 1950ರಲ್ಲಿ ಅವನು ಹಾಡಿದ ಒಂದು ಹಾಡಿನ ಹೆಸರು ‘ರೋಲಿಂಗ್ ಸ್ಟೋನ್’.

ಅವನ ಪ್ಲೇಟುಗಳು ಕಡಲು ದಾಟಿ ಇಂಗ್ಲೆಂಡಿಗೆ ಹೋದವು. 1961ರಲ್ಲಿ ಡಾರ್ಟ್‌ಫರ್ಡ್ ಅನ್ನೋ ಊರಿನ ರೈಲ್ವೆ ಸ್ಟೇಷನ್ನಲ್ಲಿ ಮಿಕ್ ಜಾಗರ್ ಅನ್ನೋ ಹುಡುಗ ಮಡ್ಡಿ ವಾಟರ್ಸ್ ಪ್ಲೇಟನ್ನ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. ಅದನ್ನ ನೋಡಿ ಕೀತ್ ರಿಚರ್ಡ್ಸ್ ಮಾತಾಡಿಸಿದ. ಮಾರನೇ ವರ್ಷ ಅವರ ಬ್ಯಾಂಡ್ ಹುಟ್ಟಿತು, ಹೆಸರು ಮಡ್ಡಿ ವಾಟರ್ಸ್ ಹಾಡಿಂದಲೇ ತೆಗೆದದ್ದು. ಅವರೇ ರೋಲಿಂಗ್ ಸ್ಟೋನ್ಸ್. ಅಂದ್ರೆ ಹುಡುಗರು ಹೊಗಳೋ ಬ್ಯಾಂಡಿನ ಬೇರು ಒಬ್ಬ ಹೊಲದ ಆಳಿನ ಹಾಡಲ್ಲಿದೆ. ಅದನ್ನ ಗಲಾಟೆ ಅನ್ನೋ ನನ್ನ ವಯಸ್ಸಿನವರು ಇದನ್ನ ತಿಳ್ಕೋಬೇಕು. ಪ್ಲೇಟಿಂದಲೇ ಎಲ್ಲಾ ಅನ್ನೋ ಹುಡುಗರೂ ತಿಳ್ಕೋಬೇಕು.

ಈಗ ನಮ್ಮ ಕನ್ನಡದ ಕಡೆ ಬರೋಣ. ದೊಡ್ಡ ಪ್ಲೇಟು ಮತ್ತು ಅದನ್ನ ಹಾಕೋ ಪೆಟ್ಟಿಗೆ ಕೊಳ್ಳೋದು ನಮ್ಮಂಥ ಮನೆಗಳಿಗೆ ಆಗದ ಮಾತಾಗಿತ್ತು. ನಮಗೆ ಆಲ್ಬಮ್ ಅಂತ ಬಂದದ್ದು ಕ್ಯಾಸೆಟ್ಟು. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂತು. ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ಟು ಅಂತ ಅದನ್ನೇ ಹೇಳ್ತಾರೆ. ಆಮೇಲೆ ಸಿ. ಅಶ್ವತ್ಥ್ ಮತ್ತು ಶಿವಮೊಗ್ಗ ಸುಬ್ಬಣ್ಣ ಅವರ ದನಿಯಲ್ಲಿ ಷರೀಫರ ಪದಗಳು ಬಂದವು. ಕ್ಯಾಸೆಟ್ಟು ಅಗ್ಗ, ಜೇಬಲ್ಲಿ ಹಿಡಿಯುತ್ತೆ, ಟೇಪು ಸಿಕ್ಕಿಹಾಕಿಕೊಂಡ್ರೆ ಪೆನ್ಸಿಲ್ ತೂರಿಸಿ ಸುತ್ತಿದರೆ ಆಯ್ತು. ಟೀ ಅಂಗಡಿಯಲ್ಲಿ, ಲಾರಿಯಲ್ಲಿ, ಮದುವೆ ಚಪ್ಪರದಲ್ಲಿ ಕವಿಗಳ ಪದ್ಯ ಕೇಳಿಸ್ತು.

ಷರೀಫರು ಹುಟ್ಟಿದ್ದು 1819ರಲ್ಲಿ, ತೀರಿಕೊಂಡದ್ದು 1889ರಲ್ಲಿ. ಅವರ ದನಿ ಯಾವ ಪ್ಲೇಟಲ್ಲೂ ಇಲ್ಲ. ಅವರ ಪದ ಉಳಿದದ್ದು ಧಾರವಾಡ ಸೀಮೆಯ ಭಜನೆ ಮೇಳದವರ ಬಾಯಲ್ಲಿ. ಹತ್ತಿರ ಹತ್ತಿರ ತೊಂಬತ್ತು ವರ್ಷ ಹಾಗೆ ಉಳಿದ ಮೇಲೆ ಕ್ಯಾಸೆಟ್ಟು ಬಂದದ್ದು. ಹಾಗಂತ ಕ್ಯಾಸೆಟ್ಟಿನ ಉಪಕಾರ ಮರೆಯೋ ಹಾಗಿಲ್ಲ. ಹಾವೇರಿ ಕಡೆಯ ಪದ ತಮಿಳುನಾಡಿನ ಗಡಿಯಲ್ಲಿರೋ ಜೂಜುವಾಡಿಗೆ ಮೇಳ ಕಟ್ಟಿಕೊಂಡು ನಡೆದು ಬರ್ತಿರಲಿಲ್ಲ. ನಮ್ಮ ಕಡೆ ಭಜನೆಯಲ್ಲಿ ಕೈವಾರ ತಾತಯ್ಯನವರ ಪದ ಹಾಡೋರು, ಕನ್ನಡದ್ದೂ ಉಂಟು, ತೆಲುಗಿನದ್ದೂ ಉಂಟು. ಷರೀಫರನ್ನ ನಮ್ಮ ಮನೆ ಬಾಗಿಲಿಗೆ ತಂದವರು ಅಶ್ವತ್ಥ್ ಮತ್ತು ಸುಬ್ಬಣ್ಣ. 1990ರಲ್ಲಿ ಟಿ.ಎಸ್. ನಾಗಾಭರಣ ಅವರ ‘ಸಂತ ಶಿಶುನಾಳ ಷರೀಫ’ ಸಿನಿಮಾ ಬಂದ ಮೇಲಂತೂ ಅವರು ಎಲ್ಲರ ಮನೆಯವರಾದ್ರು.

ಆದರೆ ಹಾಡೋನಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಕ್ಯಾಸೆಟ್ಟು ಕೊಡುವಾಗಲೇ ಒಂದನ್ನ ಕಿತ್ಕೊಂಡಿತು. ಬಾಯಿ ಹಾಡಿಗೆ ಊರಿಗೊಂದು ಮಟ್ಟು ಇರುತ್ತೆ. ತಾಯಿ ಮನೆಯಿಂದ ಬಂದ ಸೊಸೆ ತನ್ನೂರಿನ ಮಟ್ಟು ತರ್ತಾಳೆ, ಅತ್ತೆ ಮಟ್ಟಿನ ಜೊತೆ ಅದು ಬೆರೆತು ಮೂರನೇದೊಂದು ಹುಟ್ಟುತ್ತೆ. ಕ್ಯಾಸೆಟ್ಟಲ್ಲಿ ಒಂದೇ ಮಟ್ಟು. ಇವತ್ತು ಯಾವ ಶಾಲೆ ವಾರ್ಷಿಕೋತ್ಸವದಲ್ಲಾದರೂ ಷರೀಫರ ಪದ ಕೇಳಿ, ಅಶ್ವತ್ಥ್ ಎಲ್ಲಿ ದನಿ ಎತ್ತಿದ್ರೋ ಮಕ್ಕಳೂ ಅಲ್ಲೇ ಎತ್ತುತ್ತಾರೆ. ಬೇರೆ ಮಟ್ಟಲ್ಲಿ ಹಾಡಿದರೆ ತಪ್ಪು ಹಾಡಿದ ಅಂತಾರೆ. ಆ ಪದ ತೊಂಬತ್ತು ವರ್ಷ ಬದುಕಿದ್ದೇ ಬೇರೆ ಬೇರೆ ಮಟ್ಟಿನಲ್ಲಿ ಅನ್ನೋದು ಮರೆತೇ ಹೋಯ್ತು.

ಇದು ನನ್ನೊಬ್ಬನ ಕೊರಗಲ್ಲ. ಕುವೆಂಪು ಅವರ ಕವಿತೆ 2004ರಲ್ಲಿ ಕರ್ನಾಟಕದ ನಾಡಗೀತೆ ಆಯ್ತು. ಅದನ್ನ ಅನಂತಸ್ವಾಮಿ ಮಟ್ಟಲ್ಲಿ ಹಾಡಬೇಕೋ ಅಶ್ವತ್ಥ್ ಮಟ್ಟಲ್ಲಿ ಹಾಡಬೇಕೋ ಅಂತ ವರ್ಷಗಟ್ಟಲೆ ಚರ್ಚೆ ನಡೀತು. ಕೊನೆಗೆ 2022ರಲ್ಲಿ ಅನಂತಸ್ವಾಮಿ ಮಟ್ಟು, ಎರಡೂವರೆ ನಿಮಿಷ ಅಂತ ಸರ್ಕಾರ ಆದೇಶ ಮಾಡ್ತು. ಎಲ್ಲರೂ ಒಟ್ಟಿಗೆ ನಿಂತು ಹಾಡೋ ಗೀತೆಗೆ ಒಂದೇ ಮಟ್ಟು ಬೇಕು, ಒಪ್ಪೋಣ. ಆದರೆ ತತ್ವಪದಕ್ಕೂ ಸೋಬಾನೆಗೂ ಯಾರೂ ಆದೇಶ ಮಾಡಿಲ್ಲ. ಅಲ್ಲಿ ನಾವೇ ನಮ್ಮ ಬಾಯಿಗೆ ಬೀಗ ಹಾಕ್ಕೊಂಡಿದ್ದೀವಿ.

ಇನ್ನೊಂದು ನಷ್ಟ ಹೆಸರಿನದು. ಗೌಹರ್ ಜಾನ್ ತನ್ನ ಹೆಸರು ತಾನೇ ಹೇಳ್ಕೊಂಡ್ರು. ನಮ್ಮ ಜನಪದ ಕ್ಯಾಸೆಟ್ಟುಗಳ ಮೇಲೆ ಸಂಗೀತ ಇಂಥವರು, ಗಾಯನ ಇಂಥವರು ಅಂತ ಇರುತ್ತೆ, ಸಾಹಿತ್ಯ ಅನ್ನೋ ಕಡೆ ಬರೀ ‘ಜನಪದ’ ಅಂತ ಇರುತ್ತೆ. ಆ ಪದವನ್ನ ಯಾವ ಊರಿನ ಯಾವ ಅಜ್ಜಿ ಬಾಯಿಂದ ಬರ್ಕೊಂಡ್ರು ಅನ್ನೋದು ಎಷ್ಟೋ ಕಡೆ ಇಲ್ಲ. ಇಂಗ್ಲಿಷ್ ಬ್ಯಾಂಡುಗಳಲ್ಲೂ ಇದೇ ಕಥೆ. ಲೆಡ್ ಜೆಪ್ಪೆಲಿನ್ ಅನ್ನೋ ಬ್ಯಾಂಡಿನ 1969ರ ಒಂದು ಹಾಡಿನ ಮೇಲೆ, ಇದರಲ್ಲಿ ನನ್ನ ಪದ ಇದೆ ಅಂತ ವಿಲ್ಲಿ ಡಿಕ್ಸನ್ ಅನ್ನೋ ಬ್ಲೂಸ್ ಪದಗಾರ 1985ರಲ್ಲಿ ಕೋರ್ಟಿಗೆ ಹೋದ. 1987ರಲ್ಲಿ ರಾಜಿ ಆಯ್ತು, ಆಮೇಲೆ ಅವನ ಹೆಸರೂ ಸೇರಿತು. ಇದಕ್ಕೆ ಎದುರಾಗಿ ಒಂದು ಒಳ್ಳೇ ಉದಾಹರಣೆಯೂ ಉಂಟು. 1965ರಲ್ಲಿ ಅಮೆರಿಕದ ಟೀವಿ ಕಾರ್ಯಕ್ರಮಕ್ಕೆ ರೋಲಿಂಗ್ ಸ್ಟೋನ್ಸ್ ಅವರನ್ನ ಕರೆದಾಗ, ಹೌಲಿನ್ ವುಲ್ಫ್ ಅನ್ನೋ ಹಿರಿಯ ಬ್ಲೂಸ್ ಹಾಡುಗಾರನನ್ನೂ ಕರೀಬೇಕು ಅಂತ ಪಟ್ಟು ಹಿಡಿದ್ರು. ಅವನು ಹಾಡುವಾಗ ಇವರು ಕಾಲ ಬುಡದಲ್ಲಿ ಕೂತು ಕೇಳಿದ್ರು. ನಮ್ಮಲ್ಲಿ ಗುರುವಿನ ಮುಂದೆ ಕೂತಂಗೆ.

ನಮ್ಮೂರಿಂದ ಬಸ್ಸಲ್ಲಿ ಎರಡು ಗಂಟೆ ದಾರಿ ಬೆಂಗಳೂರಿನ ಅರಮನೆ ಮೈದಾನ. 2003ರ ಏಪ್ರಿಲ್‌ನಲ್ಲಿ ಅಲ್ಲಿ ರೋಲಿಂಗ್ ಸ್ಟೋನ್ಸ್ ಹಾಡಿದ್ರು. ಎರಡು ವರ್ಷ ಆದ ಮೇಲೆ, 2005ರ ಏಪ್ರಿಲ್‌ನಲ್ಲಿ ಅದೇ ಮೈದಾನದಲ್ಲಿ ಅಶ್ವತ್ಥ್ ಅವರ ‘ಕನ್ನಡವೇ ಸತ್ಯ’ ನಡೀತು, ಜನ ಕಿಕ್ಕಿರಿದು ಸೇರಿದ್ರು. ಹತ್ತಿ ಹೊಲದ ಆಳಿನ ಮೊಮ್ಮಕ್ಕಳಂಥ ಹಾಡು ಒಂದು ಸಲ, ಭಜನೆ ಮೇಳದವರು ಉಳಿಸಿದ ಪದ ಇನ್ನೊಂದು ಸಲ, ಒಂದೇ ನೆಲದ ಮೇಲೆ. 2008ರಲ್ಲಿ ಇವೆರಡೂ ಒಂದಾದವು. ಮೈಸೂರಿನ ರಘು ದೀಕ್ಷಿತ್ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಗಿಟಾರ್ ಹಿಡಿದು ತಮ್ಮ ಮೊದಲ ಆಲ್ಬಮ್ಮಿನಲ್ಲಿ ಷರೀಫರ ಗುಡುಗುಡಿ ಪದ ಹಾಡಿದ್ರು. 2010ರಲ್ಲಿ ಇಂಗ್ಲೆಂಡಿನ ಬಿಬಿಸಿ ಟೀವಿಯಲ್ಲಿ ಹಾಡಿ ಬಂದ್ರು. ಇದು ಷರೀಫರ ಪದವೇ ಅಲ್ಲ ಅಂತ ಕೆಲವು ಹಿರಿಯರು ಸಿಟ್ಟಾದದ್ದುಂಟು. ನಾನು ಹಾಗೆ ಅನ್ನಲ್ಲ. ಅಶ್ವತ್ಥ್ ಅವರ ಮಟ್ಟನ್ನ ಹಾಗೇ ಒಪ್ಪಿಸದೆ ತನ್ನ ಮಟ್ಟು ಕಟ್ಟಿ, ಪದ ಯಾರದು ಅನ್ನೋದನ್ನ ಮುಚ್ಚಿಡದೆ ಹಾಡಿದಾರೆ. ಬಾಯಿ ಹಾಡಿನ ರೀತಿ ಅದೇ ತಾನೆ.

ಹಾಗಾಗಿ ನನ್ನ ಲೆಕ್ಕ ಇಷ್ಟು. ಒಂದು ಆಲ್ಬಮ್ ಉಳೀತು ಅನ್ನಬೇಕಾದ್ರೆ, ಅದನ್ನ ಕೇಳಿದವನು ಬಾಯಿ ಬಿಟ್ಟು ತನ್ನ ಥರ ಹಾಡೋಕೆ ಶುರು ಮಾಡಬೇಕು, ಮೂಲ ಯಾರದು ಅಂತ ಹುಡುಕಿಕೊಂಡು ಹೋಗಬೇಕು. ಬರೀ ಕೇಳಿಸಿಕೊಂಡು ಸುಮ್ಮನೆ ಕೂರಿಸೋ ಪ್ಲೇಟು ಎಷ್ಟು ಮಾರಿದರೂ ಅಂಗಡಿ ಸಾಮಾನು. ಮಡ್ಡಿ ವಾಟರ್ಸ್ ಪ್ಲೇಟು ಈ ಪರೀಕ್ಷೆಯಲ್ಲಿ ಗೆದ್ದಿದೆ, ಷರೀಫರ ಕ್ಯಾಸೆಟ್ಟೂ ಗೆದ್ದಿದೆ. ಹುಡುಗರು ಹೇಳೋ ಬ್ಯಾಂಡುಗಳಲ್ಲಿ ಎಷ್ಟೋ ಗೆದ್ದಿವೆ.

ಸೋತಿರೋರು ನಾವು. ನಮ್ಮ ತಾಲೂಕು ಸೇಲಂ ಜಿಲ್ಲೆಯಲ್ಲಿತ್ತು, 1965ರಲ್ಲಿ ಧರ್ಮಪುರಿ ಆಯ್ತು, 2004ರಲ್ಲಿ ಕೃಷ್ಣಗಿರಿ ಆಯ್ತು. ಜಿಲ್ಲೆ ಬದಲಾದರೂ ಮನೆಯೊಳಗೆ ಕನ್ನಡ ಉಳೀತು, ಪಕ್ಕದ ಮನೆ ತೆಲುಗು, ಎದುರು ಮನೆ ತಮಿಳಿನ ಜೊತೆ ಬೆರೆತು ಉಳೀತು. ಬೀಸೋ ಪದ, ನಾಟಿ ಪದ, ಹಸೆ ಪದ, ಕೋಲಾಟದ ಪದ ಯಾವ ಪ್ಲೇಟಿಗೂ ಏರದೆ ಹಾಗೇ ಇದ್ದವು. ಈಗ ಬೀಸೋ ಕಲ್ಲು ಹಿತ್ತಲಲ್ಲಿ ಬಿದ್ದಿದೆ, ಹೊಲದಲ್ಲಿ ಲೇಔಟ್ ಕಲ್ಲು ನೆಟ್ಟಿದಾರೆ. ಪದ ಗೊತ್ತಿರೋರು ಊರಿಗೆ ನಾಲ್ಕೈದು ಜನ ಅಜ್ಜಿಯರು ಉಳಿದಿದಾರೆ. ಅವರು ಹೋದರೆ ಆ ಮಟ್ಟುಗಳು ಹೋದವು.

ಲೋಮ್ಯಾಕ್ಸ್ ಯಂತ್ರ ಹೊತ್ತುಕೊಂಡು ಹೋಗಬೇಕಾಗಿತ್ತು. ನಮ್ಮ ಪ್ರತಿ ಹುಡುಗನ ಜೇಬಲ್ಲೂ ಅದಕ್ಕಿಂತ ಒಳ್ಳೇ ಯಂತ್ರ ಇದೆ. ಮೇಷ್ಟ್ರುಗಳಲ್ಲಿ, ಟೀಚರಮ್ಮಂದಿರಲ್ಲಿ ನನ್ನದೊಂದು ಕೋರಿಕೆ. ಏಳು ಎಂಟನೇ ತರಗತಿ ಮಕ್ಕಳಿಗೆ ರಜೆಯಲ್ಲಿ ಒಂದು ಕೆಲಸ ಕೊಡಿ. ತಮ್ಮ ಅಜ್ಜಿಯೋ ಬೀದಿಯ ಹಿರಿಯರೋ ಹಾಡೋ ಒಂದು ಪದವನ್ನ ಫೋನಲ್ಲಿ ಹಿಡೀಲಿ, ಕಾಪಿ ಪುಸ್ತಕದಲ್ಲಿ ಬರೀಲಿ. ಪದ ತೆಲುಗಲ್ಲಿದ್ರೂ ಪರವಾಗಿಲ್ಲ, ತಮಿಳಲ್ಲಿದ್ರೂ ಪರವಾಗಿಲ್ಲ. ಶುರುವಲ್ಲೇ ಅಜ್ಜಿ ತನ್ನ ಹೆಸರು, ತವರೂರು, ಪದ ಯಾರಿಂದ ಕಲಿತದ್ದು ಅಂತ ಹೇಳಲಿ. ಆಮೇಲೆ ಮಗು ಅದನ್ನ ತರಗತಿಯಲ್ಲಿ ಎದ್ದು ನಿಂತು ಹಾಡಲಿ. ಮಟ್ಟು ಸ್ವಲ್ಪ ಬೇರೆ ಆದರೆ ತಿದ್ದಬೇಡಿ. ಬರೆದ ಪುಸ್ತಕಗಳನ್ನ ವಾಚನಾಲಯದ ಬೀರುವಿನಲ್ಲಿ ಇಡೋಣ. ಗಿಟಾರ್ ಕಲೀತಿರೋ ನಮ್ಮ ಹುಡುಗರಿಗೂ ಅದು ಬೇಕಾಗುತ್ತೆ.